ಗಾಜಿನೊಳಗೆ ಗೋಪುರದ ಅಂಚು: ಪ್ಯಾಟರ್ನ್ ಬಾರ್ ಮಾಡಿದ ನನ್ನ ಅನುಭವ

ರೇಷ್ಮೆ ಸೀರೆಯ ಗೋಪುರದ ಅಂಚು ನಮ್ಮ ಚಿಕ್ಕಬಳ್ಳಾಪುರ ಕಡೆ ಯಾರಿಗೆ ಗೊತ್ತಿಲ್ಲ? ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆ ನಮ್ಮ ಜಿಲ್ಲೆಯದೇ. ಸಾಲಾಗಿ ನಿಂತ ಆ ತ್ರಿಕೋನಗಳನ್ನು ಗಾಜಿನಲ್ಲಿ ತರಬೇಕು ಅನ್ನುವುದು ನನ್ನ ಆಸೆ. ಮೇಲೆ ಬಣ್ಣ ಬಳಿದು ಅಲ್ಲ. ಗಾಜಿನ ಮೈಯಲ್ಲೇ ಅದು ಇರಬೇಕು. ಕಿಲ್ನ್ ಅನ್ನುವ ಕರೆಂಟ್ ಕುಲುಮೆಯಲ್ಲಿ ಗಾಜು ಕರಗಿಸಿ ಬೆಸೆಯುವ ನಮ್ಮಂಥವರಿಗೆ ಅದಕ್ಕಿರುವ ಒಳ್ಳೆಯ ದಾರಿ ಪ್ಯಾಟರ್ನ್ ಬಾರ್.

ಬಣ್ಣದ ಗಾಜಿನ ಪಟ್ಟಿಗಳನ್ನು ಒಂದರ ಮೇಲೊಂದು, ಒಂದರ ಪಕ್ಕ ಒಂದು ಜೋಡಿಸಿ, ಸುತ್ತ ಅಡ್ಡಗಟ್ಟೆ ಇಟ್ಟು ಕರಗಿಸಬೇಕು. ಉದ್ದನೆಯ ಒಂದು ಗಟ್ಟಿ ಬಾರ್ ಆಗುತ್ತದೆ. ಬಾಳೆದಿಂಡನ್ನು ಎಲ್ಲಿ ಕೊಯ್ದರೂ ಅದೇ ಬಳೆ ಕಾಣುವ ಹಾಗೆ, ಈ ಬಾರನ್ನು ಎಲ್ಲಿ ಕೊಯ್ದರೂ ಅದೇ ಚಿತ್ತಾರ ಸಿಗುತ್ತದೆ. ಆ ಬಿಲ್ಲೆಗಳನ್ನು ಮಲಗಿಸಿ, ಜೋಡಿಸಿ, ಇನ್ನೊಮ್ಮೆ ಬೆಸೆದರೆ ಫಲಕ. ವಿಚಾರ ತುಂಬ ಹಳೆಯದು. ರೋಮನ್ನರ ಕಾಲದಲ್ಲೇ ಹೀಗೆ ಕೊಯ್ದ ಗಾಜಿನ ತುಂಡುಗಳಿಂದ ಬಟ್ಟಲು ಮಾಡುತ್ತಿದ್ದರು. ನಮ್ಮ ಕಾಲದಲ್ಲಿ ಜರ್ಮನಿಯಲ್ಲಿ ಹುಟ್ಟಿ ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಕಲಿಸಿದ ಕ್ಲಾಸ್ ಮೋಯೆ ಪಟ್ಟಿ ಕತ್ತರಿಸಿ, ಬೆಸೆದು, ಮತ್ತೆ ಕತ್ತರಿಸುವ ಕೆಲಸವನ್ನು ಎಲ್ಲಿಗೋ ಒಯ್ದರು. ಅವರ ಫಲಕಗಳ ಚಿತ್ರ ನೋಡುತ್ತಾ ಕೂತರೆ ನನಗೆ ಇವತ್ತಿಗೂ ಹೊತ್ತು ಹೋಗುವುದೇ ಗೊತ್ತಾಗುವುದಿಲ್ಲ.

ಬಾರ್ ಕಟ್ಟುವಾಗ ಕಣ್ಣು ಮೇಲೆ ಇರಬಾರದು, ತುದಿಯಲ್ಲಿರಬೇಕು. ಮೇಲಿಂದ ಕಾಣುವುದು ಬರೀ ಉದ್ದುದ್ದ ಪಟ್ಟಿಗಳು. ಚಿತ್ತಾರ ಇರುವುದು ಕೊಯ್ದ ಮುಖದಲ್ಲಿ. ಆದ್ದರಿಂದ ನಾನು ಮೊದಲು ಗ್ರಾಫ್ ಹಾಳೆಯಲ್ಲಿ ತುದಿಯ ಮುಖವನ್ನೇ ಅಳತೆಗೆ ಸರಿಯಾಗಿ ಬರೆದುಕೊಳ್ಳುತ್ತೇನೆ. ಗಾಜಿನ ಕಟರ್ ಕೈಗೆತ್ತಿಕೊಳ್ಳುವುದು ಆಮೇಲೆ.

ಗೋಪುರದ ಅಂಚಿಗೆ ನನ್ನ ಲೆಕ್ಕ ಹೀಗಿದೆ. ಗಾಜು 3 ಮಿ.ಮೀ. ದಪ್ಪ. ಐದು ಪದರ. ಪ್ರತಿ ಪದರದ ಅಗಲ ಒಟ್ಟು 40 ಮಿ.ಮೀ. ತಳದ ಪದರ ಪೂರ್ತಿ ಕೆಂಪು. ಅದರ ಮೇಲೆ ಮಧ್ಯದಲ್ಲಿ 32 ಕೆಂಪು, ಎರಡೂ ಬದಿಗೆ ನಾಲ್ಕು ನಾಲ್ಕು ಅರಿಶಿನ. ಆಮೇಲೆ 24 ಕೆಂಪು, ಬದಿಗೆ ಎಂಟೆಂಟು. ಹೀಗೇ 16, ಕೊನೆಗೆ 8. ಜೋಡಿಸಿದಾಗ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. ಕರಗಿದಾಗ ಮೆಟ್ಟಿಲ ಮೂಲೆಗಳು ಮೆತ್ತಗಾಗಿ ಗೋಪುರದ ಇಳಿಜಾರು ಬರುತ್ತದೆ. ಬಾರ್ ಉದ್ದ 20 ಸೆಂ.ಮೀ. ಇಟ್ಟರೆ, ಎತ್ತರ 15 ಮಿ.ಮೀ., ಒಟ್ಟು 120 ಘನ ಸೆಂ.ಮೀ. ಗಾಜು. ಒಂದು ಘನ ಸೆಂ.ಮೀ. ಗಾಜು ಸುಮಾರು 2.5 ಗ್ರಾಂ ತೂಗುತ್ತದೆ. ಅಂದರೆ 300 ಗ್ರಾಂ. ಪಟ್ಟಿಯ ಬದಲು ಚೂರುಪಾರು ಸುರಿದು ಬಾರ್ ಮಾಡುವಾಗ ಈ ತೂಕದ ಲೆಕ್ಕ ಬಹಳ ಉಪಯೋಗ. ಅಡುಗೆಮನೆಯ ತಕ್ಕಡಿಯೇ ಸಾಕು.

ಗಾಜಿನ ಆಯ್ಕೆಯಲ್ಲಿ ಸಡಿಲ ಬಿಡುವ ಹಾಗಿಲ್ಲ. ಬಿಸಿಯಾದಾಗ ಗಾಜು ಹಿಗ್ಗುತ್ತದೆ, ಆರಿದಾಗ ಕುಗ್ಗುತ್ತದೆ. ಎರಡು ಗಾಜುಗಳು ಒಂದೇ ಪ್ರಮಾಣದಲ್ಲಿ ಕುಗ್ಗದಿದ್ದರೆ ಬಾರ್ ಇವತ್ತಲ್ಲ ನಾಳೆ ಸೀಳುತ್ತದೆ. ಹೀಗೆ ಬೆಸೆಯಲೆಂದೇ ಮಾಡಿದ ಫ್ಯೂಸಿಂಗ್ ಗಾಜಿನಲ್ಲಿ, ಹಿಗ್ಗುವ ಪ್ರಮಾಣದ ಅಂಕಿ (ಸಿಒಇ) ನೋಡಿ ಸಿಒಇ 90, ಸಿಒಇ 96 ಅಂತ ಎರಡು ಮುಖ್ಯ ಕುಟುಂಬಗಳಿವೆ. ಅವನ್ನು ಬೆರೆಸಬಾರದು. ಕಿಟಕಿ ಗಾಜು ಇವೆರಡಕ್ಕೂ ಸೇರದು. ನಾನು 90ರ ಬುಲ್ಸ್‌ಐ ಗಾಜು ಬಳಸುತ್ತೇನೆ. ಅಮೆರಿಕದ ಪೋರ್ಟ್‌ಲ್ಯಾಂಡ್‌ನಿಂದ ಬರಬೇಕು, ದುಬಾರಿ. ಆದ್ದರಿಂದಲೇ ಒಂದು ಚೂರೂ ನನ್ನ ಮನೆಯಲ್ಲಿ ಕಸದ ಬುಟ್ಟಿಗೆ ಹೋಗುವುದಿಲ್ಲ.

ಬಣ್ಣಕ್ಕೂ ಜಗಳ ಇದೆ. ಕೆಲವು ಗಾಜಿನಲ್ಲಿ ಗಂಧಕ ಇರುತ್ತದೆ, ಕೆಂಪು ಹಳದಿಗಳಲ್ಲಿ ಇದು ಜಾಸ್ತಿ. ನವಿಲು ಬಣ್ಣದ ಕೆಲವು ನೀಲಿಗಳಲ್ಲಿ ತಾಮ್ರ ಇರುತ್ತದೆ. ಇವೆರಡು ಬಿಸಿಯಲ್ಲಿ ತಾಗಿದರೆ ನಡುವೆ ಕಂದು ಗೆರೆ ಏಳುತ್ತದೆ. ಆ ಗೆರೆ ಬೇಕಿದ್ದರೆ ಚೆಂದವೇ. ಬೇಡದಿದ್ದರೆ ನಡುವೆ ಬಣ್ಣವಿಲ್ಲದ ಪಟ್ಟಿ ಇಡಬೇಕು. ಇನ್ನೊಂದು: ಪಾರದರ್ಶಕ ಗಾಢ ನೀಲಿ 3 ಮಿ.ಮೀ.ನಲ್ಲಿ ನೀಲಿ, 6 ಮಿ.ಮೀ. ಬಿಲ್ಲೆಯಲ್ಲಿ ಹೆಚ್ಚುಕಡಿಮೆ ಕಪ್ಪು. ಅಂಥ ಕಡೆ ತಿಳಿ ಬಣ್ಣ ಹಿಡಿಯಿರಿ. ಗೆರೆ ನೇರ ನಿಲ್ಲಬೇಕಾದ ಕಡೆ ನಾನು ಅಪಾರದರ್ಶಕ ಗಾಜು ಇಡುತ್ತೇನೆ. ಬಿಳಿ ಬಿಗಿಯಾಗಿ ನಿಲ್ಲುತ್ತದೆ, ಕಪ್ಪು ಬೇಗ ಹರಿಯುತ್ತದೆ.

ಅಡ್ಡಗಟ್ಟೆ ಯಾಕೆ ಅಂದರೆ, ಕರಗಿದ ಗಾಜು ತಾನಾಗಿ 6 ಮಿ.ಮೀ. ದಪ್ಪಕ್ಕೆ ಬಂದು ನಿಲ್ಲಲು ನೋಡುತ್ತದೆ. 15 ಮಿ.ಮೀ. ಎತ್ತರ ಕಟ್ಟಿದರೆ ಹರಡಿಯೇ ಹರಡುತ್ತದೆ. ಒಡೆದ ಹಳೆಯ ಕಿಲ್ನ್ ಶೆಲ್ಫನ್ನು (ಕಿಲ್ನ್ ಒಳಗೆ ಗಾಜು ಇಡುವ ಹಲಗೆ) ಪಟ್ಟಿ ಕೊಯ್ದು ನಾಲ್ಕೂ ಬದಿಗೆ ನಿಲ್ಲಿಸಿ, ಹಿಂದಿನಿಂದ ಇಟ್ಟಿಗೆ ಒತ್ತು ಕೊಡುತ್ತೇನೆ. ಒಳಮೈಗೆ 3 ಮಿ.ಮೀ. ಫೈಬರ್ ಪೇಪರ್, ಅಂದರೆ ಗಾಜು ಗಟ್ಟೆಗೆ ಅಂಟದಂತೆ ಇಡುವ, ಬಿಸಿ ತಡೆಯುವ ಕಾಗದ. ಅದರ ಎತ್ತರ ಬಾರಿನ ಕೊನೆಯ ಎತ್ತರಕ್ಕಿಂತ 3 ಮಿ.ಮೀ. ಕಡಿಮೆ ಇರಬೇಕು. ಎತ್ತರ ಬಿಟ್ಟರೆ ಗಾಜು ಕಾಗದಕ್ಕೆ ಅಂಟಿಕೊಂಡು ಇಳಿಯುತ್ತಾ ಅಂಚಿನಲ್ಲಿ ಸೂಜಿಯಂಥ ಮುಳ್ಳು ಬಿಡುತ್ತದೆ. ಫೈಬರ್ ಪೇಪರ್ ಕತ್ತರಿಸುವಾಗ, ಸುಟ್ಟ ಮೇಲೆ ಬಿಡಿಸುವಾಗ ಮಾಸ್ಕ್ ಕಡ್ಡಾಯ. ಆ ಧೂಳು ಎದೆಗೆ ಒಳ್ಳೆಯದಲ್ಲ.

ಇನ್ನು ಬೆಂಕಿ. ಗಂಟೆಗೆ 150 ಡಿಗ್ರಿ ಸೆಲ್ಸಿಯಸ್‌ನಂತೆ 640ರವರೆಗೆ ಏರಿಸಿ, ಅಲ್ಲಿ 1 ಗಂಟೆ ನಿಲ್ಲಿಸುತ್ತೇನೆ. ಪಟ್ಟಿಗಳ ನಡುವಿನ ಗಾಳಿ ಹೊರಗೆ ಹೋಗಲು ಆ ಹೊತ್ತು ಬೇಕು. ಆಮೇಲೆ ಗಂಟೆಗೆ 300ರಂತೆ 805ಕ್ಕೆ, ಅಲ್ಲಿ 45 ನಿಮಿಷ. ಅಲ್ಲಿಂದ ತಡೆಯಿಲ್ಲದೆ 482ಕ್ಕೆ ಇಳಿಸುವುದು. ನೋಡಲು ಏನೂ ನಡೆಯುತ್ತಿಲ್ಲ ಅನ್ನಿಸುವ ಹೊತ್ತು ಇದು. ಬಾರ್ ಉಳಿಯುವುದು ಇಲ್ಲೇ.

ಅನೀಲಿಂಗ್ ಅಂದರೆ ಒಳಗೂ ಹೊರಗೂ ಒಂದೇ ಬಿಸಿ ಬರಲು ಬಿಟ್ಟು, ನಿಧಾನಕ್ಕೆ ಆರಿಸುವುದು. ಹೊರಮೈ ಮೊದಲು ಗಟ್ಟಿಯಾಗಿ ಒಳಗು ಆಮೇಲೆ ಕುಗ್ಗಿದರೆ ಎಳೆತ ಉಳಿದುಬಿಡುತ್ತದೆ. ಕಣ್ಣಿಗೆ ಕಾಣದು. ಬ್ಲೇಡ್ ತಾಗಿದಾಗ ಟಪ್ ಅಂತ ಸೀಳುತ್ತದೆ. ಬಾರ್ 15 ಮಿ.ಮೀ. ಇದ್ದರೂ ನಾನು 25 ಮಿ.ಮೀ. ದಪ್ಪದ ಲೆಕ್ಕ ಹಾಕುತ್ತೇನೆ. ಅಡ್ಡಗಟ್ಟೆಗಳು ಬಿಸಿ ಹಿಡಿದಿಟ್ಟುಕೊಳ್ಳುವುದರಿಂದ ಬಾರ್ ಎಲ್ಲ ಕಡೆ ಸಮನಾಗಿ ಆರುವುದಿಲ್ಲ. 482ರಲ್ಲಿ 4 ಗಂಟೆ. ಗಂಟೆಗೆ 15ರಂತೆ 427ಕ್ಕೆ. ಗಂಟೆಗೆ 27ರಂತೆ 371ಕ್ಕೆ. ಅಲ್ಲಿಂದ ಗಂಟೆಗೆ 90. ಅನೀಲಿಂಗೇ ಸುಮಾರು 14 ಗಂಟೆ ಹಿಡಿಯುತ್ತದೆ. ಇದರಲ್ಲಿ ಒಂದು ಗಂಟೆಯನ್ನೂ ನಾನು ಯಾರಿಗೋಸ್ಕರವೂ ಕಡಿಮೆ ಮಾಡುವುದಿಲ್ಲ.

ಸಂಜೆ 6ಕ್ಕೆ ಶುರು ಮಾಡಿದರೆ ನಡುರಾತ್ರಿಗೆ ಮೇಲಿನ ಬಿಸಿ, ಮರುದಿನ ಸಂಜೆ ಬಾರ್ ಕೈಗೆ. ರಾತ್ರಿ ವೋಲ್ಟೇಜ್ ಚೆನ್ನಾಗಿರುತ್ತದೆ ಅನ್ನುವುದೂ ಒಂದು ಕಾರಣ. ಕರೆಂಟ್ ಹೋದರೆ ಗಾಬರಿ ಬೇಡ, ಮುಚ್ಚಳ ಮಾತ್ರ ತೆಗೆಯಬೇಡಿ. ಮೇಲಿನ ಬಿಸಿಯಲ್ಲಿದ್ದಾಗ ಹೋಗಿ, 482ಕ್ಕಿಂತ ಕೆಳಗಿಳಿಯುವ ಮುಂಚೆ ಬಂದರೆ ಬಾರ್ ಒಡೆಯುವ ಭಯವಿಲ್ಲ, ಬಂದ ಮೇಲೆ ಮುಂದುವರಿಸಬಹುದು. ಅನೀಲಿಂಗ್ ನಡುವೆ ಹೋದರೆ, ಬಂದ ಮೇಲೆ ನಿಧಾನಕ್ಕೆ 482ಕ್ಕೆ ಏರಿಸಿ 4 ಗಂಟೆಯನ್ನು ಮೊದಲಿಂದ ಎಣಿಸುತ್ತೇನೆ.

ಕೊಯ್ಯುವ ಮುಂಚೆ ಒಂದು ಪರೀಕ್ಷೆ. ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುವ ಎರಡು ಪೋಲರೈಸಿಂಗ್ ಹಾಳೆಗಳನ್ನು ಒಂದಕ್ಕೊಂದು ಅಡ್ಡ ಹಿಡಿದರೆ ಬೆಳಕು ನಿಂತುಹೋಗುತ್ತದೆ. ನಡುವೆ ಬಾರ್ ಹಿಡಿದಾಗ ಎಳೆತ ಇರುವ ಕಡೆ ಬೆಳ್ಳಗೆ ಹೊಳೆಯುತ್ತದೆ. ಪಾರದರ್ಶಕ ಭಾಗದಲ್ಲಷ್ಟೇ ಕಾಣುತ್ತದೆ. ಹಾಗಾಗಿ ಕೆಲವೊಮ್ಮೆ ತುದಿಯಲ್ಲಿ ಬಣ್ಣವಿಲ್ಲದ ಒಂದು ಚೂರು ಸೇರಿಸಿಟ್ಟಿರುತ್ತೇನೆ.

ಕೊಯ್ಯುವ ಕೆಲಸ ಕಲಿಸಿದವರು ನಮ್ಮೂರಿನ ಹೊರಗಿನ ಒಂದು ಗ್ರಾನೈಟ್ ಘಟಕದ ಹುಡುಗರು. ಟೈಲ್ ಕೊಯ್ಯುವ, ನೀರು ಹರಿಯುವ ಯಂತ್ರ. ಬ್ಲೇಡ್ ಅಂಚು ಎಲ್ಲೂ ಕಚ್ಚು ಬಿಡದೆ ಪೂರ್ತಿ ಸುತ್ತಿರಬೇಕು. ಕಚ್ಚು ಕಚ್ಚಾಗಿರುವ ಡೈಮಂಡ್ ಬ್ಲೇಡ್ ಗಾಜಿನ ಅಂಚು ಚಕ್ಕೆ ಎಬ್ಬಿಸುತ್ತದೆ. "ನೂಕಬೇಡಿ ಅಕ್ಕ, ಅದು ತಿಂದಷ್ಟೇ ತಿನ್ನಲಿ" ಅಂತ ಅವರಲ್ಲೊಬ್ಬ ಪಕ್ಕದಲ್ಲೇ ನಿಂತು ಹೇಳುತ್ತಿದ್ದ. ಬ್ಲೇಡ್ ಮೊಂಡಾದರೆ ಒಂದು ಇಟ್ಟಿಗೆ ಚೂರನ್ನು ನಾಲ್ಕು ಸಲ ಕೊಯ್ದರೆ ಹೊಸ ವಜ್ರದ ಕಣ ಮೇಲೆ ಬರುತ್ತದೆ, ಇದೂ ಅವನೇ ತೋರಿಸಿದ್ದು. ನೀರು, ಕರೆಂಟು ಒಟ್ಟಿಗೆ ಇರುವ ಕೆಲಸ. ಇಎಲ್‌ಸಿಬಿ (ಕರೆಂಟ್ ಸೋರಿದರೆ ತಕ್ಷಣ ಲೈನ್ ಕಡಿಯುವ ಸ್ವಿಚ್) ಇಲ್ಲದ ಲೈನಿಗೆ ಆ ಯಂತ್ರ ಹಾಕಲೇಬೇಡಿ.

ಬಿಲ್ಲೆ 6 ಮಿ.ಮೀ., ಬ್ಲೇಡ್ ತಿನ್ನುವುದು 2 ಮಿ.ಮೀ. 20 ಬಿಲ್ಲೆಗೆ 16 ಸೆಂ.ಮೀ. ಸಾಕು. ಎರಡೂ ತುದಿಯಲ್ಲಿ ಚಿತ್ತಾರ ಸೊಟ್ಟಗಿರುತ್ತದೆ, ಅದನ್ನು ಬಿಡಬೇಕಲ್ವಾ, ಅದಕ್ಕೆ ಉಳಿದ 4 ಸೆಂ.ಮೀ.

ಕೊಯ್ದ ತಕ್ಷಣ ಬಿಲ್ಲೆಗಳನ್ನು ನೀರಿನಲ್ಲಿ ಮುಳುಗಿಸಿ. ರಾಡಿ ಒಣಗಲು ಬಿಡಬಾರದು. ಬಿಟ್ಟರೆ ಬೆಸೆದ ಮೇಲೆ ಬಿಲ್ಲೆಗಳ ನಡುವೆ ಬಿಳಿ ಗೆರೆಯಾಗಿ ಕೂರುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಒಂದೊಂದನ್ನೂ ತಿಕ್ಕುತ್ತೇನೆ. ಕೊನೆಯ ತೊಳೆತಕ್ಕೆ ಬೋರ್ ನೀರು ಬೇಡವೇ ಬೇಡ. ನಮ್ಮ ಜಿಲ್ಲೆಯ ಬೋರ್ ನೀರು ಎಷ್ಟು ಗಡಸು ಅಂತ ಕೊಡದ ತಳ ನೋಡಿದವರಿಗೆ ಗೊತ್ತು. ಆ ಬಿಳಿ ಕಲೆ ಗಾಜಿನ ಮೇಲೆ ಒಣಗಿದರೆ ಕಿಲ್ನ್‌ನಲ್ಲಿ ಮಂಕು ಪೊರೆಯಾಗಿ ಏಳುತ್ತದೆ. ಶುದ್ಧ ನೀರಿನ ಘಟಕದ ಒಂದು ಕ್ಯಾನ್ ನೀರು ಇದಕ್ಕೇ ಎತ್ತಿಟ್ಟಿರುತ್ತೇನೆ. ತೊಳೆದು ನೂಲು ಬಿಡದ ಬಟ್ಟೆಯಲ್ಲಿ ಒರೆಸಿದರೆ ಆಯಿತು.

ಫಲಕಕ್ಕೆ ಮಧ್ಯದಲ್ಲಿ 20 ಸೆಂ.ಮೀ. ಚೌಕ, 3 ಮಿ.ಮೀ. ಗಾಜು ಎರಡು ಪದರ. ಒಂದೊಂದು ಬದಿಗೆ ಐದು ಬಿಲ್ಲೆ ಮಲಗಿಸಿದರೆ ಸರಿಯಾಗಿ 20 ಸೆಂ.ಮೀ. ನಾಲ್ಕು ಮೂಲೆಗೆ 15 ಮಿ.ಮೀ. ಕೆಂಪು ಚೌಕಗಳು, ಅವೂ ಎರಡೆರಡು ಪದರ. ಎಲ್ಲ 6 ಮಿ.ಮೀ. ಇರುವುದರಿಂದ ಗಾಜು ಎತ್ತಲೂ ಓಡುವುದಿಲ್ಲ, ತ್ರಿಕೋನ ಜರುಗದೆ ನಿಲ್ಲುತ್ತದೆ. ಈ ಸಲ 795 ಡಿಗ್ರಿ, 10 ನಿಮಿಷ. ಬ್ಲೇಡಿನ ಗೀರೆಲ್ಲ ಮಾಯವಾಗುತ್ತದೆ. 482ರಲ್ಲಿ 1 ಗಂಟೆ ಸಾಕಾಗುತ್ತದೆ, ನಾನು 2 ಗಂಟೆ ಕೊಡುತ್ತೇನೆ. ಆಮೇಲೆ ಗಂಟೆಗೆ 80ರಂತೆ 370ಕ್ಕೆ ಇಳಿಸಿ ಕಿಲ್ನ್ ಆರಿಸಿಬಿಡುತ್ತೇನೆ. ಅದು ತಾನಾಗಿ ತಣ್ಣಗಾಗುವವರೆಗೆ ಮುಚ್ಚಳ ತೆಗೆಯುವುದಿಲ್ಲ.

ಅದೇ ಬಿಲ್ಲೆಗಳಲ್ಲಿ ಒಂದು ಬಿಟ್ಟು ಒಂದನ್ನು ತಲೆಕೆಳಗು ಮಾಡಿದರೆ ಅಂಚು ಪೂರ್ತಿ ಬೇರೆಯೇ ಆಗುತ್ತದೆ. ಗೋಪುರದ ಸಾಲು ಹೋಗಿ ಕೆಂಪು ಒಮ್ಮೆ ಮೇಲೆ, ಒಮ್ಮೆ ಕೆಳಗೆ ಓಡುತ್ತದೆ. ಬೆಸೆಯುವ ಮುಂಚೆ ಇದನ್ನೆಲ್ಲ ಮೇಜಿನ ಮೇಲೆ ಜೋಡಿಸಿ ನೋಡಲು ಸಾಕಷ್ಟು ಹೊತ್ತು ಇಟ್ಟುಕೊಳ್ಳಿ. ನನಗೆ ಇಡೀ ಕೆಲಸದಲ್ಲಿ ತುಂಬ ಖುಷಿ ಕೊಡುವುದು ಅದೇ. ಬಿಟ್ಟ ಸೊಟ್ಟ ತುದಿಗಳು, ಒಡೆದ ಬಿಲ್ಲೆಗಳು ಬೇರೆ ಡಬ್ಬಕ್ಕೆ. ಡಬ್ಬ 300 ಗ್ರಾಂ ತೂಗಿದಾಗ ಮುಂದಿನ ಚೂರುಪಾರಿನ ಬಾರಿಗೆ ಗಾಜು ಸಿದ್ಧ.