ಎರಡು ವರ್ಷ ಕಮ್ಯುನಿಟಿ ಕಾಲೇಜು, ಮೂರನೇ ವರ್ಷಕ್ಕೆ ಯೂನಿವರ್ಸಿಟಿ: 60 ಯೂನಿಟ್ ಜೋಡಿಸಿದ ಬಗೆ

ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜಿನಲ್ಲಿ ಎರಡು ವರ್ಷ ಓದಿ, ಅಸೋಸಿಯೇಟ್ ಡಿಗ್ರಿ ತಗೊಂಡು, ನೇರ ಮೂರನೇ ವರ್ಷಕ್ಕೆ ಯೂನಿವರ್ಸಿಟಿ ಸೇರುವ ದಾರಿಯನ್ನು ಊರಿನವರಿಗೆ ಹೇಳುವಾಗ ನಾನು ಡಿಪ್ಲೊಮಾದವರ ಉದಾಹರಣೆ ಕೊಡುತ್ತೇನೆ. ಡಿಪ್ಲೊಮಾ ಮುಗಿಸಿದವರು ಡಿಸಿಇಟಿ ಬರೆದು ಎಂಜಿನಿಯರಿಂಗ್ ಎರಡನೇ ವರ್ಷಕ್ಕೆ ಹೋಗುವ ಹಾಗೇ ಇದೂ. ಒಂದೇ ವ್ಯತ್ಯಾಸ, ಇಲ್ಲಿ ಕೊನೆಯಲ್ಲಿ ಪ್ರವೇಶ ಪರೀಕ್ಷೆ ಇಲ್ಲ. ಎರಡು ವರ್ಷದಲ್ಲಿ ಯಾವ ಯಾವ ಕೋರ್ಸ್ ತಗೊಂಡಿರಿ, ಯಾವ ಗ್ರೇಡ್ ಬಂತು ಅನ್ನುವುದೇ ಪರೀಕ್ಷೆ. ಹಾಗಾಗಿ ಮೊದಲ ಸೆಮಿಸ್ಟರ್‌ನ ಮೊದಲ ಕೋರ್ಸ್ ಆರಿಸುವಾಗಲೇ ಹೋಗಬೇಕಾದ ಕ್ಯಾಂಪಸ್ಸೂ ಮೇಜರೂ (ಪದವಿಯ ಮುಖ್ಯ ವಿಷಯ) ಕಣ್ಣ ಮುಂದೆ ಇರಬೇಕು. ನಾನು ಅರ್ಥಶಾಸ್ತ್ರಕ್ಕೆ ಹೋಗಿದ್ದರಿಂದ ಕೆಳಗಿನ ಲೆಕ್ಕವೆಲ್ಲ ಅದರದೇ.

ದುಡ್ಡಿನ ಮಾತು ಮೊದಲು ಮುಗಿಸೋಣ. ರಾಜ್ಯದ ನಿವಾಸಿಗೆ ಕಮ್ಯುನಿಟಿ ಕಾಲೇಜಿನ ಫೀಸು ಸೆಮಿಸ್ಟರ್ ಯೂನಿಟ್‌ಗೆ (ಯೂನಿಟ್ ಅಂದರೆ ನಮ್ಮಲ್ಲಿನ ಕ್ರೆಡಿಟ್) 46 ಡಾಲರ್. ಯೂನಿವರ್ಸಿಟಿ ಸೇರಲು ಬೇಕಾದ 60 ಯೂನಿಟ್‌ಗೆ 2,760 ಡಾಲರ್, ಅದೂ ಎರಡು ವರ್ಷಕ್ಕೆ. ಯುಸಿಯಲ್ಲಿ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ) ನಿವಾಸಿಗಳಿಗೂ ಒಂದು ವರ್ಷದ ಫೀಸೇ 14,000 ಡಾಲರ್ ದಾಟುತ್ತದೆ. ನಿವಾಸಿ ಅಲ್ಲದವರಿಗೆ ಕಮ್ಯುನಿಟಿ ಕಾಲೇಜಿನಲ್ಲೂ ಯೂನಿಟ್‌ಗೆ 300 ಡಾಲರ್‌ಗಿಂತ ಮೇಲೆ ಬೀಳುತ್ತದೆ. ಎಚ್-4 ವೀಸಾದಲ್ಲಿರುವವರು (ಎಚ್-1ಬಿ ಕೆಲಸದ ವೀಸಾದವರ ಸಂಗಾತಿ, ಮಕ್ಕಳು) ರಾಜ್ಯದಲ್ಲಿ ಒಂದು ವರ್ಷ, ಒಂದು ದಿನ ನೆಲೆಸಿರುವುದನ್ನು ಬಾಡಿಗೆ ಕರಾರು, ಟ್ಯಾಕ್ಸ್ ಫೈಲಿಂಗ್, ಡ್ರೈವಿಂಗ್ ಲೈಸೆನ್ಸ್ ತರಹದ ದಾಖಲೆಗಳಿಂದ ತೋರಿಸಿದರೆ ನಿವಾಸಿ ಫೀಸು ಸಿಗುತ್ತದೆ. ಎಫ್-1 ವಿದ್ಯಾರ್ಥಿ ವೀಸಾದವರಿಗೆ ಈ ಅವಕಾಶ ಇಲ್ಲ. ಎಚ್-4 ಮಕ್ಕಳಿಗೆ ಅಮೆರಿಕದ ಕೇಂದ್ರ ಸರ್ಕಾರದ ಸಹಾಯಧನ ಸಿಗುವುದಿಲ್ಲ. ಹಾಗಾಗಿ ಬೇ ಏರಿಯಾದ ನಮ್ಮ ಕನ್ನಡದ ಎಷ್ಟೋ ಮನೆಗಳಿಗೆ ಮೊದಲೆರಡು ವರ್ಷದ ಈ ಉಳಿತಾಯ ಸಣ್ಣದಲ್ಲ. ಕಾಲೇಜಿನ ಅರ್ಜಿಯಲ್ಲಿ ವೀಸಾ ಮತ್ತು ವಿಳಾಸದ ಪ್ರಶ್ನೆಗಳಿಗೆ ತಪ್ಪು ಉತ್ತರ ಕೊಟ್ಟರೆ ಸಿಸ್ಟಮ್ ತಾನಾಗಿ ಹೊರರಾಜ್ಯದವರು ಎಂದು ಗುರುತು ಹಾಕುತ್ತದೆ. ಅದನ್ನು ಕ್ಲಾಸ್ ಶುರುವಾಗುವ ಮೊದಲೇ ಅಡ್ಮಿಷನ್ಸ್ ಕಚೇರಿಯಲ್ಲಿ ದಾಖಲೆ ಕೊಟ್ಟು ಸರಿಮಾಡಿಸಿಕೊಳ್ಳಿ.

ಈಗ ನಿಜವಾದ ಕೆಲಸ. ಅಸಿಸ್ಟ್ ಡಾಟ್ ಆರ್ಗ್ ತೆರೆಯಿರಿ. ವರ್ಷ, ನಿಮ್ಮ ಕಾಲೇಜು, ಹೋಗಬೇಕಾದ ಯೂನಿವರ್ಸಿಟಿ, ಮೇಜರ್, ಈ ನಾಲ್ಕನ್ನು ಆರಿಸಿದರೆ ಒಂದು ಒಪ್ಪಂದದ ಪಟ್ಟಿ ಬರುತ್ತದೆ. ಎಡಗಡೆ ಯೂನಿವರ್ಸಿಟಿಯ ಕೋರ್ಸ್, ಬಲಗಡೆ ಅದಕ್ಕೆ ಸಮ ಎಂದು ಅವರು ಒಪ್ಪುವ ನಿಮ್ಮ ಕಾಲೇಜಿನ ಕೋರ್ಸ್. ಓದುವಾಗ ಎರಡು ಕಡೆ ಎಡವುತ್ತೇವೆ. ಬಲಗಡೆ ಎರಡು ಕೋರ್ಸ್‌ಗಳ ನಡುವೆ 'ಆ್ಯಂಡ್' ಎಂದಿದ್ದರೆ ಎರಡೂ ಮುಗಿದಾಗ ಮಾತ್ರ ಎಡಗಡೆಯ ಒಂದು ಕೋರ್ಸ್ ಸಿಗುತ್ತದೆ. ಒಂದನ್ನೇ ಮುಗಿಸಿದರೆ ಅರ್ಧವಲ್ಲ, ಸೊನ್ನೆ. ಬಲಗಡೆ ಸಮಾನ ಕೋರ್ಸ್ ಇಲ್ಲ ಎಂದು ಬರೆದಿದ್ದರೆ ನಿಮ್ಮ ಕಾಲೇಜಿನಲ್ಲಿ ಅದು ಸಿಗುವುದಿಲ್ಲ; ಪಕ್ಕದ ಕಾಲೇಜಿನಲ್ಲಿ ಇದೆಯೇ ಎಂದು ಅದೇ ಸೈಟ್‌ನಲ್ಲಿ ನೋಡಬಹುದು. ಆಯಾ ವರ್ಷದ ಪಟ್ಟಿಯನ್ನು ಪಿಡಿಎಫ್ ಮಾಡಿ ಇಟ್ಟುಕೊಳ್ಳಿ, ಒಪ್ಪಂದಗಳು ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ. ನಾನು ಮೂರು ಕ್ಯಾಂಪಸ್‌ಗಳ ಪಟ್ಟಿ ತೆಗೆದು, ಮೂರರಲ್ಲೂ ಇರುವ ಕೋರ್ಸ್‌ಗಳಿಗೆ ಒಂದು ಬಣ್ಣ, ಒಂದರಲ್ಲಿ ಮಾತ್ರ ಇರುವುದಕ್ಕೆ ಬೇರೆ ಬಣ್ಣ ಹಚ್ಚಿದ್ದೆ. ಮೊದಲ ಬಣ್ಣದ್ದನ್ನೇ ಮೊದಲು ಮುಗಿಸಿದೆ. ಮನಸ್ಸು ಬದಲಾದರೂ ಕೆಲಸ ಹಾಳಾಗುವುದಿಲ್ಲ.

ಮೇಜರ್ ಪಟ್ಟಿಯ ಮೇಲೆ ಸಾಮಾನ್ಯ ಶಿಕ್ಷಣದ ಪಟ್ಟಿ ಕೂರುತ್ತದೆ. ನಾನು ಓದುವಾಗ ಇದ್ದದ್ದು ಐಗೆಟ್ಸಿ. 2025ರ ಫಾಲ್ ಸೆಮಿಸ್ಟರ್‌ನಿಂದ ಕಮ್ಯುನಿಟಿ ಕಾಲೇಜು ಸೇರುವವರಿಗೆ ಯುಸಿಗೂ ಸಿಎಸ್‌ಯುಗೂ (ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ) ಒಂದೇ ಪಟ್ಟಿ, ಕ್ಯಾಲ್‌ಗೆಟ್ಸಿ. ಹನ್ನೊಂದು ಕೋರ್ಸ್, 34 ಯೂನಿಟ್: ಇಂಗ್ಲಿಷ್ ಬರವಣಿಗೆ, ಅದರ ಮೇಲಿನ ವಿಮರ್ಶಾತ್ಮಕ ಚಿಂತನೆಯ ಬರವಣಿಗೆ, ಭಾಷಣ ಕಲೆ, ಗಣಿತ ಒಂದು, ಕಲೆ ಒಂದು, ಮಾನವಿಕ ಒಂದು, ಸಮಾಜ ವಿಜ್ಞಾನ ಎರಡು, ಭೌತಿಕ ವಿಜ್ಞಾನ ಒಂದು, ಜೀವ ವಿಜ್ಞಾನ ಒಂದು, ಎಥ್ನಿಕ್ ಸ್ಟಡೀಸ್ (ಜನಾಂಗೀಯ ಅಧ್ಯಯನ) ಒಂದು. ಹನ್ನೊಂದನ್ನು ಮೂರರಿಂದ ಗುಣಿಸಿದರೆ 33 ತಾನೇ, ಉಳಿದ ಆ ಒಂದು ಯೂನಿಟ್ ಪ್ರಯೋಗಾಲಯದ್ದು. ತುಂಬಾ ಜನ ಮರೆಯುವುದು ಅದನ್ನೇ. ಭೂವಿಜ್ಞಾನ, ಜೀವಶಾಸ್ತ್ರ ಎರಡನ್ನೂ ಬರೀ ಪಾಠದ ಕೋರ್ಸ್ ಆಗಿ ಮುಗಿಸಿದವರಿಗೆ ಕೊನೆಯ ಸೆಮಿಸ್ಟರ್‌ನಲ್ಲಿ ಲ್ಯಾಬ್ ಇಲ್ಲ ಅಂತ ಗೊತ್ತಾಗುತ್ತದೆ. ಲ್ಯಾಬ್ ಬೇರೆ ನಂಬರಿನ ಕೋರ್ಸ್ ಆಗಿದ್ದರೆ ಅದನ್ನು ಪಾಠದ ಜೊತೆಗೇ ಹಾಕಿಕೊಳ್ಳಿ.

ಇನ್ನೊಂದು ಬಲೆ ಅರ್ಥಶಾಸ್ತ್ರದವರಿಗೇ ಹೆಣೆದ ಹಾಗಿದೆ. ಮೈಕ್ರೋ, ಮ್ಯಾಕ್ರೋ ಎರಡೂ ಸಮಾಜ ವಿಜ್ಞಾನದ ಪಟ್ಟಿಯಲ್ಲಿವೆ, ಅಲ್ಲಿ ಬೇಕಾದದ್ದೂ ಎರಡೇ ಕೋರ್ಸ್, ಆಯ್ತು ಅಂದುಕೊಳ್ಳುತ್ತೇವೆ. ಆದರೆ ಆ ಎರಡು ಬೇರೆ ಬೇರೆ ವಿಷಯದವು ಆಗಿರಬೇಕು. ಆದ್ದರಿಂದ ಒಂದೇ ಲೆಕ್ಕಕ್ಕೆ ಬರುತ್ತದೆ, ಮನಃಶಾಸ್ತ್ರವೋ ರಾಜ್ಯಶಾಸ್ತ್ರವೋ ಇನ್ನೊಂದು ತಗೊಳ್ಳಲೇಬೇಕು. ಗಣಿತದ ಜಾಗಕ್ಕೆ ಕ್ಯಾಲ್ಕುಲಸ್ ಆಗುತ್ತದೆ. ಹೀಗೆ ಹನ್ನೊಂದರಲ್ಲಿ ಎರಡು ಕೋರ್ಸ್ ಮೇಜರ್‌ನ ಒಳಗೇ ಸಿಗುತ್ತವೆ, ಒಂಬತ್ತು ಹೊರಗಿನವು. 34ಕ್ಕೆ ಉಳಿದ ಅರ್ಥಶಾಸ್ತ್ರದ ಕೋರ್ಸ್, ಸ್ಟ್ಯಾಟಿಸ್ಟಿಕ್ಸ್, ಎರಡನೇ ಕ್ಯಾಲ್ಕುಲಸ್ ಸೇರಿಸಿದರೆ 46ರ ಹತ್ತಿರ. ಮಿಕ್ಕ ಹದಿನಾಲ್ಕಕ್ಕೆ ಇಷ್ಟದ ಕೋರ್ಸ್ ಹಾಕಬಹುದು, ಆದರೆ ಕ್ಯಾಟಲಾಗ್‌ನಲ್ಲಿ ಅದರ ಮುಂದೆ ಯುಸಿ, ಸಿಎಸ್‌ಯು ಎಂಬ ಗುರುತು ಇರಲೇಬೇಕು. ಸಿಎಸ್‌ಯು ಗುರುತು ಮಾತ್ರ ಇರುವ ಕೋರ್ಸ್ ಯುಸಿಯ 60ರಲ್ಲಿ ಸೇರುವುದಿಲ್ಲ.

ಎಂಜಿನಿಯರಿಂಗ್, ಕಂಪ್ಯೂಟರ್ ಸೈನ್ಸ್‌ಗೆ ಹೋಗುವವರು ಈ ಕ್ರಮವನ್ನು ತಿರುಗಿಸಿ ಹಾಕಬೇಕು. ಅವರಿಗೆ ಕ್ಯಾಲ್ಕುಲಸ್, ಫಿಸಿಕ್ಸ್, ಪ್ರೋಗ್ರಾಮಿಂಗ್ ಸರಪಳಿ ಮೊದಲು. ಸಾಮಾನ್ಯ ಶಿಕ್ಷಣ ಉಳಿದ ಜಾಗಕ್ಕೆ. ಕ್ಯಾಲ್ಕುಲಸ್ ಒಂದಾದ ಮೇಲೆ ಒಂದು ಮುಗಿಯಬೇಕಾದದ್ದು, ಒಂದು ಸೆಮಿಸ್ಟರ್ ತಡವಾದರೆ ಇಡೀ ಸಾಲು ಹಿಂದಕ್ಕೆ ಹೋಗುತ್ತದೆ.

ನಾಲ್ಕು ಸೆಮಿಸ್ಟರ್‌ಗೆ ನಾನು ಹಾಕಿದ ಹಂಚಿಕೆಯನ್ನು ಈಗಿನ ಪಟ್ಟಿಗೆ ಹೊಂದಿಸಿದರೆ ಹೀಗಾಗುತ್ತದೆ. ಮೊದಲ ಫಾಲ್‌ನಲ್ಲಿ ಇಂಗ್ಲಿಷ್, ಸ್ಟ್ಯಾಟಿಸ್ಟಿಕ್ಸ್, ಮ್ಯಾಕ್ರೋ, ಭಾಷಣ ಕಲೆ. ಸ್ಪ್ರಿಂಗ್‌ನಲ್ಲಿ ವಿಮರ್ಶಾತ್ಮಕ ಬರವಣಿಗೆ, ಮೊದಲ ಕ್ಯಾಲ್ಕುಲಸ್, ಮೈಕ್ರೋ, ಎಥ್ನಿಕ್ ಸ್ಟಡೀಸ್. ಬೇಸಿಗೆಯಲ್ಲಿ ಕಲಾ ಇತಿಹಾಸ ಮತ್ತು ಒಂದು ಇಷ್ಟದ ಕೋರ್ಸ್. ಎರಡನೇ ಫಾಲ್‌ನಲ್ಲಿ ಎರಡನೇ ಕ್ಯಾಲ್ಕುಲಸ್, ಲ್ಯಾಬ್ ಸಮೇತ ಭೂವಿಜ್ಞಾನ, ತತ್ತ್ವಶಾಸ್ತ್ರ. ಕೊನೆಯ ಸ್ಪ್ರಿಂಗ್‌ಗೆ ಜೀವಶಾಸ್ತ್ರ, ಮನಃಶಾಸ್ತ್ರ, ಉಳಿದ ಯೂನಿಟ್‌ಗಳು. ಎರಡನೇ ಫಾಲ್ ಬೇಕೆಂದೇ ಹಗುರ ಇಟ್ಟೆ, ಅರ್ಜಿ ಬರೆಯುವುದು ಆ ತಿಂಗಳುಗಳಲ್ಲೇ. ಬೇಸಿಗೆಯ ಆರು ವಾರದಲ್ಲಿ ಕ್ಯಾಲ್ಕುಲಸ್ ಹಾಕಿಕೊಳ್ಳುವುದನ್ನು ನಾನು ಯಾರಿಗೂ ಹೇಳುವುದಿಲ್ಲ. ಹದಿನಾರು ವಾರದ ಪಾಠ ಅಷ್ಟರಲ್ಲಿ ಸುರಿಯುತ್ತದೆ, ಒಂದು ವಾರ ಜ್ವರ ಬಂದರೂ ಮೇಲೆ ಬರಲಾಗುವುದಿಲ್ಲ.

ಕಾಲೇಜಿಂದ ಕಾಲೇಜಿಗೆ ಹೋಗಿ ಕೋರ್ಸ್ ತಗೊಳ್ಳಬಹುದು, ಆದರೆ ಕ್ಯುಪರ್ಟಿನೊದ ಡಿ ಆ್ಯನ್ಜಾ ಕಾಲೇಜು ಕ್ವಾರ್ಟರ್ ಪದ್ಧತಿಯದು (ವರ್ಷಕ್ಕೆ ಎರಡು ಸೆಮಿಸ್ಟರ್ ಬದಲು ಮೂರು ಚಿಕ್ಕ ಅವಧಿ), ಫ್ರೀಮಾಂಟ್‌ನ ಓಲೋನಿ ಸೆಮಿಸ್ಟರ್ ಪದ್ಧತಿಯದು. ಮೂರು ಕ್ವಾರ್ಟರ್ ಯೂನಿಟ್ ಎರಡು ಸೆಮಿಸ್ಟರ್ ಯೂನಿಟ್‌ಗೆ ಸಮ, 90 ಎಂದರೆ 60. ಇಂಗ್ಲಿಷ್, ಕಲೆ ತರಹದ ಬಿಡಿ ಕೋರ್ಸ್ ಎಲ್ಲಿ ಮುಗಿಸಿದರೂ ತೊಂದರೆ ಇಲ್ಲ. ಕೆಮಿಸ್ಟ್ರಿ, ಕ್ಯಾಲ್ಕುಲಸ್ ಸರಣಿಗಳನ್ನು ಮಾತ್ರ ಶುರು ಮಾಡಿದ ಕಾಲೇಜಿನಲ್ಲೇ ಮುಗಿಸಿ. ಕ್ವಾರ್ಟರ್‌ನಲ್ಲಿ ಮೂರು ತುಂಡಾಗಿರುವ ಕೆಮಿಸ್ಟ್ರಿ ಸೆಮಿಸ್ಟರ್‌ನಲ್ಲಿ ಎರಡು ತುಂಡು. ಮಧ್ಯದಲ್ಲಿ ದಾಟಿದರೆ ಕೆಲವು ಪಾಠ ಎರಡು ಸಲ ಬರುತ್ತದೆ, ಕೆಲವು ಬರುವುದೇ ಇಲ್ಲ, ಒಪ್ಪಂದದ ಪಟ್ಟಿಗೂ ಹೊಂದುವುದಿಲ್ಲ.

ಸೀಟು ಸಿಗುವುದು ರಿಜಿಸ್ಟ್ರೇಷನ್ ದಿನಾಂಕದ ಮೇಲೆ ನಿಂತಿದೆ. ಓರಿಯೆಂಟೇಷನ್ ಮುಗಿಸಿ, ಕೌನ್ಸೆಲರ್ ಜೊತೆ ಎಜುಕೇಷನ್ ಪ್ಲಾನ್ ಮಾಡಿಸಿಕೊಂಡವರಿಗೆ ಮೊದಲ ದಿನಾಂಕ. ವೇಟ್‌ಲಿಸ್ಟ್‌ನಲ್ಲಿ ಇದ್ದರೆ ಮೊದಲ ಕ್ಲಾಸಿಗೆ ತಪ್ಪದೆ ಹೋಗಿ ಕೂರಿ: ಹೆಸರು ಇದ್ದೂ ಬರದವರನ್ನು ಅಧ್ಯಾಪಕರು ಅಂದೇ ತೆಗೆಯುತ್ತಾರೆ, ಆ ಜಾಗಕ್ಕೆ ಎದುರಿಗಿರುವವರಿಗೆ ಕೋರ್ಸಿಗೆ ಸೇರಿಕೊಳ್ಳುವ ಆ್ಯಡ್ ಕೋಡ್ ಕೊಡುತ್ತಾರೆ. ಕೋಡ್ ಕೈಗೆ ಬಂದ ರಾತ್ರಿಯೇ ಹಾಕಿ.

ಗ್ರೇಡ್ ವಿಷಯದಲ್ಲಿ ಒಂದು ನಿಯಮ ಗಟ್ಟಿಯಾಗಿ ನೆನಪಿಡಿ. ಕ್ಯಾಲ್‌ಗೆಟ್ಸಿಗೆ ಸಿ ಬೇಕು, ಸಿ ಮೈನಸ್ ನಡೆಯುವುದಿಲ್ಲ. ಡಿ ಅಥವಾ ಎಫ್ ಬಂದ ಕೋರ್ಸನ್ನು ಮತ್ತೆ ತಗೊಂಡು ಜಿಪಿಎ (ಗ್ರೇಡ್‌ಗಳ ಸರಾಸರಿ) ಸರಿಮಾಡಬಹುದು, ಆದರೆ ಸಿ ಬಂದದ್ದನ್ನು ಇನ್ನೂ ಚೆನ್ನಾಗಿ ಮಾಡುತ್ತೇನೆಂದು ಮತ್ತೆ ತಗೊಳ್ಳಲು ಬಿಡುವುದಿಲ್ಲ. ಮೇಜರ್‌ನ ಮುಖ್ಯ ಕೋರ್ಸ್‌ನಲ್ಲಿ ಸಿ ಕಡೆ ಜಾರುತ್ತಿದ್ದರೆ ಗಡುವಿನ ಒಳಗೆ ಬಿಟ್ಟು ಡಬ್ಲ್ಯೂ (ವಿತ್‌ಡ್ರಾ ಮಾಡಿದ ಗುರುತು) ತಗೊಳ್ಳುವುದು ವಾಸಿ. ಜಿಪಿಎಗೆ ಅದು ತಾಗುವುದಿಲ್ಲ. ಒಂದು ಡಬ್ಲ್ಯೂ ಪರವಾಗಿಲ್ಲ, ನಾಲ್ಕಾದರೆ ವಿವರಣೆ ಬರೆಯಬೇಕಾಗುತ್ತದೆ. ಎಫ್-1ನವರು 12 ಯೂನಿಟ್‌ಗಿಂತ ಕೆಳಗೆ ಇಳಿಯುವ ಹಾಗಿಲ್ಲ, ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಯನ್ನು ಕೇಳದೆ ಏನನ್ನೂ ಬಿಡಬೇಡಿ.

ಅರ್ಜಿಯ ಕಾಲಕ್ಕೆ ಎರಡು ದಾರಿ. ಯುಸಿಯ ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸ್ಯಾಂಟಾ ಬಾರ್ಬರಾ, ಸ್ಯಾಂಟಾ ಕ್ರೂಜ್ ಈ ಆರು ಕ್ಯಾಂಪಸ್‌ಗಳು ಟ್ಯಾಗ್ ಎಂಬ ಖಾತರಿ ಪ್ರವೇಶ ಕೊಡುತ್ತವೆ. ಬರ್ಕ್ಲಿ, ಲಾಸ್ ಏಂಜಲೀಸ್, ಸ್ಯಾನ್ ಡಿಯಾಗೋ ಕೊಡುವುದಿಲ್ಲ. ಆರರಲ್ಲಿ ಒಂದಕ್ಕೆ ಮಾತ್ರ ಹಾಕಬಹುದು, ಸೆಪ್ಟೆಂಬರ್ 1ರಿಂದ 30ರೊಳಗೆ. ಜಿಪಿಎ ಗಡಿ ಕ್ಯಾಂಪಸ್ಸಿಗೆ, ಮೇಜರ್‌ಗೆ ತಕ್ಕಂತೆ ಬೇರೆ. ಟ್ಯಾಗ್ ಹಾಕಿದರೂ ನವೆಂಬರ್ ಕೊನೆ ಅಥವಾ ಡಿಸೆಂಬರ್ ಮೊದಲ ದಿನಗಳಲ್ಲಿ ಬೀಳುವ ಗಡುವಿನೊಳಗೆ ಮುಖ್ಯ ಅರ್ಜಿ ಕಳಿಸದಿದ್ದರೆ ಖಾತರಿ ಅಲ್ಲಿಗೇ ಮುಗಿಯಿತು, ಎರಡರಲ್ಲೂ ಮೇಜರ್ ಒಂದೇ ಇರಬೇಕು. ಸಿಎಸ್‌ಯುಗೆ 2010ರ ಕಾನೂನಿನಿಂದ ಬಂದ ಎಡಿಟಿ (ಅಸೋಸಿಯೇಟ್ ಡಿಗ್ರಿ ಫಾರ್ ಟ್ರಾನ್ಸ್‌ಫರ್) ಇದೆ. ಅದು ಸಿಎಸ್‌ಯು ವ್ಯವಸ್ಥೆಯಲ್ಲಿ ಒಂದು ಸೀಟು, ಆಮೇಲೆ ಇನ್ನು 60 ಯೂನಿಟ್‌ಗೆ ಪದವಿ, ಇಷ್ಟಕ್ಕೆ ಖಾತರಿ. ನೀವು ಕೇಳಿದ ಕ್ಯಾಂಪಸ್ಸೇ ಸಿಗುತ್ತದೆ ಅಂತಲ್ಲ. ಯುಸಿಗೆ ಅಸೋಸಿಯೇಟ್ ಡಿಗ್ರಿ ಕಡ್ಡಾಯವೇ ಅಲ್ಲ. ಆದರೂ ಕೋರ್ಸ್ ಆಯ್ಕೆ ಸರಿಯಾಗಿದ್ದರೆ ಹೆಚ್ಚಿನ ಶ್ರಮ ಇಲ್ಲದೆ ಡಿಗ್ರಿಯೂ ಬರುತ್ತದೆ, ಹಾಗಿರುವಾಗ ಬಿಡಬೇಡಿ.

ಅರ್ಜಿಯಲ್ಲಿ ಹಿಂದೆ ಓದಿದ ಎಲ್ಲ ಕಾಲೇಜುಗಳ ಹೆಸರು ಬರೆಯಲೇಬೇಕು. ಕರ್ನಾಟಕದಲ್ಲಿ ಒಂದು ಸೆಮಿಸ್ಟರ್ ಬಿಇ ಓದಿ ಬಿಟ್ಟು ಬಂದಿದ್ದರೆ, ಬ್ಯಾಕ್‌ಲಾಗ್ ಇದ್ದರೂ ಅದನ್ನು ತೋರಿಸಬೇಕು. ಮುಚ್ಚಿಟ್ಟದ್ದು ಆಮೇಲೆ ಗೊತ್ತಾದರೆ ಸಿಕ್ಕ ಪ್ರವೇಶವನ್ನೇ ರದ್ದು ಮಾಡುತ್ತಾರೆ. ಅಲ್ಲಿಂದ ಮಾರ್ಕ್ಸ್‌ಕಾರ್ಡ್ ತರಿಸಲು ತಿಂಗಳುಗಟ್ಟಲೆ ಹಿಡಿಯಬಹುದು, ಅರ್ಜಿಗೆ ಒಂದು ವರ್ಷ ಇರುವಾಗಲೇ ಮನೆಯವರಿಗೆ ಹೇಳಿ. ಜನವರಿಯಲ್ಲಿ ಯುಸಿ ಟ್ರಾನ್ಸ್‌ಫರ್ ಅಕಾಡೆಮಿಕ್ ಅಪ್‌ಡೇಟ್ ಕೇಳುತ್ತದೆ. ಫಾಲ್‌ನ ಗ್ರೇಡ್ ಮತ್ತು ಸ್ಪ್ರಿಂಗ್‌ನಲ್ಲಿ ತಗೊಂಡಿರುವ ಕೋರ್ಸ್‌ಗಳನ್ನು ಅದರಲ್ಲಿ ತುಂಬಬೇಕು. ಅರ್ಜಿ ಕಳಿಸಿದ್ದಾಯಿತೆಂದು ಆ ಮೇಲ್ ತೆರೆಯದೇ ಇರಬೇಡಿ.

ಕೊನೆಯ ಸ್ಪ್ರಿಂಗ್‌ನಲ್ಲಿ ಕಾಗದದ ಕೆಲಸ ಮೂರು, ಯಾವುದೂ ತಾನಾಗಿ ಆಗುವುದಿಲ್ಲ. ಡಿಗ್ರಿಗೆ ಅರ್ಜಿ ಹಾಕಬೇಕು, ಗಡುವು ಪ್ರತಿ ಕಾಲೇಜಿಗೂ ಬೇರೆ, ಡಿಗ್ರಿ ಕೊಡುವ ಕಾಲೇಜಿನಲ್ಲಿ ಕನಿಷ್ಠ 12 ಯೂನಿಟ್ ಓದಿರಬೇಕು. ಎರಡನೆಯದು ಕ್ಯಾಲ್‌ಗೆಟ್ಸಿ ಪೂರ್ತಿಯಾಗಿದೆ ಎಂಬ ದೃಢೀಕರಣ. ಇದನ್ನು ಕೊನೆಯದಾಗಿ ಓದಿದ ಕಮ್ಯುನಿಟಿ ಕಾಲೇಜಿನಿಂದ ಕೇಳಿ ಪಡೆಯಬೇಕು, ಬೇರೆ ಕಾಲೇಜಿನಲ್ಲಿ ಓದಿದ ಕೋರ್ಸ್ ಇದ್ದರೆ ಆ ಟ್ರಾನ್ಸ್‌ಕ್ರಿಪ್ಟ್‌ಗಳನ್ನು ಮೊದಲೇ ಅಲ್ಲಿಗೆ ತಲುಪಿಸಿರಬೇಕು. ಮೂರನೆಯದು ಜುಲೈ 1ರೊಳಗೆ ಯುಸಿ ಸೇರಬೇಕಾದ ಅಂತಿಮ ಟ್ರಾನ್ಸ್‌ಕ್ರಿಪ್ಟ್. ಮೇ ತಿಂಗಳಲ್ಲೇ ಆರ್ಡರ್ ಮಾಡಿದರೆ ಸ್ಪ್ರಿಂಗ್‌ನ ಗ್ರೇಡ್ ಇಲ್ಲದ ಪ್ರತಿಯೇ ಹೊರಡುತ್ತದೆ. ಆರ್ಡರ್ ಪುಟದಲ್ಲಿ 'ಹೋಲ್ಡ್ ಫಾರ್ ಗ್ರೇಡ್ಸ್' ಎಂಬ ಆಯ್ಕೆ ಇರುತ್ತದೆ, ಅದನ್ನು ಒತ್ತಿ. ಕಳಿಸಿದ ಮೇಲೆ ಯೂನಿವರ್ಸಿಟಿಯ ಪೋರ್ಟಲ್‌ನಲ್ಲಿ 'ರಿಸೀವ್ಡ್' ಎಂದು ಕಾಣುವವರೆಗೆ ವಾರಕ್ಕೊಮ್ಮೆ ನೋಡುತ್ತಿರಿ. ಕಾಣದಿದ್ದರೆ ಜೂನ್ ಕೊನೆಯ ವಾರದಲ್ಲೇ ಕಾಲೇಜು, ಯೂನಿವರ್ಸಿಟಿ ಎರಡರ ಕಚೇರಿಗಳಿಗೂ ಫೋನ್ ಮಾಡಿ.