ಜಾರ್ಜ್ ರೂಪಾಯಿಗೆ ನಾನೇ ಮಾಡಿಕೊಂಡ ಫೋಟೊ ಹಾಳೆ

ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ನಮ್ಮ ಅಜ್ಜಿ ಪೂಜೆಯ ಬೆಳ್ಳಿ ರೂಪಾಯಿಗಳನ್ನು, ಅಂದರೆ ಬ್ರಿಟಿಷರ ಕಾಲದ, ಐದನೇ ಜಾರ್ಜ್ ರಾಜನ ಮುಖವಿರುವ ನಾಣ್ಯಗಳನ್ನು, ಡಬ್ಬಿಯಿಂದ ತೆಗೆದು ಹುಣಸೆಹಣ್ಣಿನ ನೀರಿಗೆ ಹಾಕುತ್ತಿದ್ದರು. ಸ್ವಲ್ಪ ನೆಂದ ಮೇಲೆ ವಿಭೂತಿ ಹಾಕಿ ಉಜ್ಜುವುದು. ಹನ್ನೊಂದು ನಾಣ್ಯ. ಎಲ್ಲವೂ ಹೊಸ ಪಾತ್ರೆ ಹಾಗೆ ಫಳಫಳ ಅನ್ನಬೇಕು, ಇಲ್ಲದಿದ್ದರೆ ಲಕ್ಷ್ಮಿಯ ಮುಂದೆ ಇಡುವಂತಿರಲಿಲ್ಲ. ಎಷ್ಟು ವರ್ಷ ಹೀಗೆ ಉಜ್ಜಿದ್ದರೋ ಲೆಕ್ಕವಿಲ್ಲ.

ಅಜ್ಜಿ ಹೋದ ಮೇಲೆ ಡಬ್ಬಿ ನನ್ನ ಕೈಗೆ ಬಂತು. ನೂರು ವರ್ಷದ ನಾಣ್ಯ, ಇಷ್ಟು ಹೊಳೆಯುತ್ತಿದೆ, ಒಳ್ಳೇ ಬೆಲೆ ಇರಬೇಕು ಅಂದುಕೊಂಡು ಬೆಂಗಳೂರಿನ ಒಂದು ಹಳೇ ನಾಣ್ಯದ ಅಂಗಡಿಗೆ ಒಯ್ದೆ. ಅಂಗಡಿಯವರು ಒಂದೊಂದನ್ನೂ ಅಂಚಿನಲ್ಲಿ ಹಿಡಿದು ದೀಪದ ಕೆಳಗೆ ಆಕಡೆ ಈಕಡೆ ವಾಲಿಸಿದರು. ಎರಡು ನಿಮಿಷ ಕೂಡ ಆಗಿರಲಿಲ್ಲ. ‘ಎಲ್ಲಾ ಪಾಲಿಶ್ ಆಗಿದೆ ಸಾರ್, ಬೆಳ್ಳಿ ತೂಕಕ್ಕೆ ಹೋಗ್ತವೆ ಅಷ್ಟೆ’ ಅಂದರು. ನನ್ನ ಮುಖ ನೋಡಿ ಪಾಪ ಅನ್ನಿಸಿತೋ ಏನೋ, ಒಳಗಿನಿಂದ ಇನ್ನೊಂದು ಜಾರ್ಜ್ ರೂಪಾಯಿ ತಂದು ತೋರಿಸಿದರು. ಮಬ್ಬು ಬೂದಿ ಬಣ್ಣ, ಅಂಚಿನಲ್ಲಿ ಸ್ವಲ್ಪ ಕಪ್ಪು. ‘ಇದಕ್ಕೆ ಜಾಸ್ತಿ ಬೆಲೆ’ ಅಂದರು. ನನಗೆ ತಲೆಬುಡ ಅರ್ಥವಾಗಲಿಲ್ಲ. ಕಲಿಯಬೇಕು ಅನ್ನಿಸಿದ್ದು ಅವತ್ತೇ.

ಜಾರ್ಜ್ ರೂಪಾಯಿಯ ತೂಕ 11.66 ಗ್ರಾಂ, ಅದರಲ್ಲಿ ನೂರಕ್ಕೆ ಸುಮಾರು 91.7 ಭಾಗ ಬೆಳ್ಳಿ. ಅಂದರೆ ಹತ್ತೂಮುಕ್ಕಾಲು ಗ್ರಾಮಿಗೆ ಚೂರು ಕಡಿಮೆ ಅಪ್ಪಟ ಬೆಳ್ಳಿ. ಈ ಲೆಕ್ಕ ಯಾರಾದರೂ ಹಾಕಬಹುದು. ಅದರ ಮೇಲೆ ಎಷ್ಟು ಕೊಡಬೇಕು ಅನ್ನುವುದು ವರ್ಷ ಮತ್ತು ಗ್ರೇಡಿನ (ನಾಣ್ಯ ಎಷ್ಟು ಸವೆದಿದೆ, ಹೇಗಿದೆ ಅನ್ನುವ ದರ್ಜೆ) ಮೇಲೆ ನಿಂತಿದೆ. ವರ್ಷ ನಾಣ್ಯದ ಮೇಲೇ ಬರೆದಿರುತ್ತೆ. ಗ್ರೇಡನ್ನು ಮಾತ್ರ ನಾವೇ ನೋಡಿ ಹೇಳಬೇಕು.

ಮೊದಲು ಸಿಕ್ಕಿದ್ದು ಪಿಸಿಜಿಎಸ್ ಅನ್ನುವ ಅಮೆರಿಕದ ಗ್ರೇಡಿಂಗ್ ಕಂಪನಿಯ ಫೋಟೊಗ್ರೇಡ್. ಒಂದೇ ಬಗೆಯ ನಾಣ್ಯವನ್ನು ಪೂರ್ತಿ ಸವೆದದ್ದರಿಂದ ಹಿಡಿದು ಹೊಚ್ಚಹೊಸದರವರೆಗೆ ಸಾಲಾಗಿ ಫೋಟೊದಲ್ಲಿ ತೋರಿಸುತ್ತಾರೆ. ಅಂಕಿಗಳು 1ರಿಂದ 70. ಈ ಎಪ್ಪತ್ತರ ಲೆಕ್ಕ 1949ರಲ್ಲಿ ವಿಲಿಯಂ ಶೆಲ್ಡನ್ ಅನ್ನುವವರು ಅಮೆರಿಕದ ಹಳೇ ತಾಮ್ರದ ಸೆಂಟ್ ನಾಣ್ಯಗಳಿಗೆ ಅಂತ ಮಾಡಿದ್ದು. ನಮ್ಮ ಅಂಗಡಿಗಳಲ್ಲಿ ಅಂಕಿಗಿಂತ ಫೈನ್, ವಿಎಫ್, ಎಕ್ಸ್‌ಎಫ್, ಯುಎನ್‌ಸಿ ಅನ್ನುವುದೇ ಜಾಸ್ತಿ: ಫೈನ್ ಅಂದರೆ ಸಾಕಷ್ಟು ಸವೆದದ್ದು, ಮುಂದಿನ ಎರಡು ಅದಕ್ಕಿಂತ ಕ್ರಮವಾಗಿ ಕಡಿಮೆ ಸವೆದದ್ದು, ಕೊನೆಯದು ಬಳಕೆಗೇ ಬರದ ಹೊಸದು.

ಫೋಟೊಗ್ರೇಡ್‌ನಲ್ಲಿದ್ದ ಮಾರ್ಗನ್ ಡಾಲರ್ (ಅಮೆರಿಕದ ಹಳೇ ಬೆಳ್ಳಿ ನಾಣ್ಯ) ಸಾಲನ್ನು ವಾರಗಟ್ಟಲೆ ನೋಡಿದೆ. ಮಾರ್ಗನ್ ಡಾಲರ್‌ಗೂ ನಮ್ಮ ರೂಪಾಯಿಗೂ ಒಂದು ಸಂಬಂಧವೂ ಇದೆ. ಮೊದಲ ಮಹಾಯುದ್ಧದ ಹೊತ್ತಿಗೆ ಇಲ್ಲಿ ಬೆಳ್ಳಿಗೆ ವಿಪರೀತ ಅಭಾವ ಬಂತು. 1918ರಲ್ಲಿ ಅಮೆರಿಕ ಪಿಟ್‌ಮನ್ ಕಾಯ್ದೆ ಮಾಡಿ 27 ಕೋಟಿಗೂ ಜಾಸ್ತಿ ಬೆಳ್ಳಿ ಡಾಲರ್ ಕರಗಿಸಿತು. ಅದರ ಬಹುಪಾಲು ಬೆಳ್ಳಿಯನ್ನು ಬ್ರಿಟನ್ ಕೊಂಡಿದ್ದು ಇಂಡಿಯಾಕ್ಕೋಸ್ಕರ. ನಮ್ಮಜ್ಜಿ ಉಜ್ಜಿದ ರೂಪಾಯಿಗಳಲ್ಲಿ ಒಂದೆರಡು ಹಿಂದಿನ ಜನ್ಮದಲ್ಲಿ ಡಾಲರ್ ಆಗಿದ್ದರೂ ಇರಬಹುದು!

ಆದರೆ ಡಾಲರಿನ ಮೇಲಿರುವ ಹೆಂಗಸಿನ ಕೂದಲು ನೋಡಿ ಜಾರ್ಜ್ ರಾಜನ ಗಡ್ಡಕ್ಕೆ ಗ್ರೇಡ್ ಹೇಳೋಕಾಗಲ್ಲ. ಒಂದೊಂದು ನಾಣ್ಯ ಒಂದೊಂದು ಕಡೆ ಮೊದಲು ಸವೆಯುತ್ತೆ. ಹಾಗಾಗಿ ಐಡಿಯಾ ಅವರದ್ದು ತಗೊಂಡೆ, ಹಾಳೆ ನಾನೇ ಮಾಡಿಕೊಂಡೆ.

ನಾಣ್ಯ ಒಟ್ಟುಮಾಡಲು ಎಂಟು ತಿಂಗಳು ಹಿಡಿಯಿತು. 1918ರ ರೂಪಾಯಿಯನ್ನೇ ಆರಿಸಿದ್ದು ಯಾಕೆಂದರೆ ಅದು ಬೇಕಾದಷ್ಟು ಸಿಗುತ್ತೆ. ಹಿಂಬದಿಯಲ್ಲಿ ಕೆಳಗಿನ ಕಮಲದ ಅಡಿ ಸಣ್ಣ ಚುಕ್ಕೆ ಇದ್ದರೆ ಬಾಂಬೆ ಟಂಕಸಾಲೆ, ಇಲ್ಲದಿದ್ದರೆ ಕಲ್ಕತ್ತಾ. ಎರಡನ್ನೂ ಬೇರೆ ಬೇರೆ ಸಾಲಿನಲ್ಲಿಟ್ಟೆ. ಒಟ್ಟು ಇಪ್ಪತ್ತನಾಲ್ಕು ನಾಣ್ಯ. ಹೆಚ್ಚಿನವು ಬೆಳ್ಳಿ ಬೆಲೆಗೆ ಸಿಕ್ಕ ಸವಕಲು. ಕೆಲವನ್ನು ಪರಿಚಯದ ಸಂಗ್ರಹಕಾರರು ಫೋಟೊ ತೆಗೆಯಲು ಕೊಟ್ಟರು. ಮೂರು ನಾಲ್ಕು ಮಾತ್ರ ದುಬಾರಿ.

ಫೋಟೊ ತೆಗೆಯುವುದರಲ್ಲೇ ಅರ್ಧ ಪಾಠ ಆಯಿತು. ಎರಡು ಸ್ಟೀಲ್ ಡಬ್ಬ, ಮೇಲೆ ಅಡ್ಡಲಾಗಿ ದಪ್ಪ ಪುಸ್ತಕ, ಪುಸ್ತಕದ ಅಂಚಿನಲ್ಲಿ ಫೋನು. ಕೆಳಗೆ ಬೂದಿ ಬಣ್ಣದ ಬಟ್ಟೆ. ಒಂದೇ ಒಂದು ಟೇಬಲ್ ಲ್ಯಾಂಪು, ಗಡಿಯಾರದಲ್ಲಿ ಹತ್ತು ಗಂಟೆ ಇರುವ ದಿಕ್ಕಿನಲ್ಲಿ. ಫ್ಲ್ಯಾಶ್ ಬಂದ್. ಎಲ್ಲಾ ನಾಣ್ಯಕ್ಕೂ ದೀಪ ಅಲ್ಲೇ, ಎತ್ತರ ಅಷ್ಟೇ. ದೀಪ ಒಂದು ಗೇಣು ಸರಿದರೆ ಸಾಕು, ಫೈನ್ ನಾಣ್ಯ ವಿಎಫ್ ಥರ ಕಾಣುತ್ತೆ. ಮೊದಲ ಸಲ ತೆಗೆದ ಫೋಟೊಗಳನ್ನೆಲ್ಲ ಅಳಿಸಬೇಕಾಯಿತು. ಫೋನು ತನ್ನಷ್ಟಕ್ಕೆ ತಾನೇ ಚಿತ್ರವನ್ನು ಚೂಪು ಮಾಡಿ, ಸವೆದ ಗಡ್ಡಕ್ಕೆ ಇಲ್ಲದ ಕೂದಲೆಳೆ ಬರೆದುಬಿಟ್ಟಿತ್ತು.

ಹಾಳೆಯಲ್ಲಿ ಪೂರ್ತಿ ನಾಣ್ಯದ ಪಕ್ಕದಲ್ಲಿ ಮೂರು ಜಾಗಗಳನ್ನು ದೊಡ್ಡದು ಮಾಡಿ ಅಂಟಿಸಿದೆ: ಕಿರೀಟ, ಕಿವಿ-ಗಡ್ಡ, ಆನೆ. ಆನೆ ಎಲ್ಲಿದೆ ಅಂತೀರಾ? ರಾಜನ ಎದೆ ಮೇಲಿನ ನಿಲುವಂಗಿಯಲ್ಲಿ, ಹಾರದಲ್ಲಿ. 1911ರ ರೂಪಾಯಿಯಲ್ಲಿ ಇದರ ಸೊಂಡಿಲು ಗಿಡ್ಡವಾಗಿ, ಆನೆ ಹೋಗಿ ಹಂದಿಯ ಹಾಗೆ ಕಾಣುತ್ತೆ ಅಂತ ಜನ ಗಲಾಟೆ ಮಾಡಿದ್ದರು. ಮುಂದಿನ ವರ್ಷದಿಂದ ಚಿತ್ರ ತಿದ್ದಿದರು. ಸಂಗ್ರಹಕಾರರು 1911ರದ್ದನ್ನು ಈಗಲೂ ‘ಪಿಗ್ ರುಪೀ’ ಅಂತಲೇ ಕರೆಯುವುದು.

ಗ್ರೇಡ್ ಕಲಿಯುವವರಿಗೆ ಈ ಆನೆಗಿಂತ ಒಳ್ಳೇ ಮೇಷ್ಟ್ರಿಲ್ಲ. ನನ್ನ ಸಾಲಿನಲ್ಲಿ ಫೈನ್ ನಾಣ್ಯದ ಆನೆ ಬರೀ ಒಂದು ಗುಬುಟು. ಅಲ್ಲಿ ಆನೆ ಇದೆ ಅಂತ ಗೊತ್ತಿದ್ದವರಿಗೆ ಮಾತ್ರ ಆನೆ. ಕಿವಿಯ ಹೊರಗೆರೆ ಇದೆ, ಒಳಗೆ ಏನೂ ಇಲ್ಲ. ವಿಎಫ್‌ಗೆ ಬಂದರೆ ಸೊಂಡಿಲು ಕಾಲಿನಿಂದ ಬೇರೆಯಾಗುತ್ತೆ, ಗಡ್ಡದ ಕೆಳಭಾಗದಲ್ಲಿ ಎಳೆ ಮೂಡುತ್ತೆ. ಎಕ್ಸ್‌ಎಫ್‌ನಲ್ಲಿ ರಾಜನ ಹುಬ್ಬು ಸ್ಪಷ್ಟ, ಕಿರೀಟದ ಮಣಿಗಳನ್ನು ಎಣಿಸಬಹುದು. ಎಲ್ಲಕ್ಕಿಂತ ಎತ್ತರದ ಜಾಗಗಳಲ್ಲಷ್ಟೇ ಸ್ವಲ್ಪ ಚಪ್ಪಟೆ.

ಇಲ್ಲಿಯವರೆಗೆ ಹಾಳೆ ಚೆನ್ನಾಗಿ ಕೆಲಸ ಮಾಡಿತು. ಅದರಾಚೆ ಕೈಕೊಟ್ಟಿತು.

ಒಂದು ಪ್ರದರ್ಶನದಲ್ಲಿ ಯುಎನ್‌ಸಿ ಅಂತ ಒಂದು ರೂಪಾಯಿ ಸಿಕ್ಕಿತು. ನಾನು ಹಾಳೆ ತೆಗೆದು ಆನೆ ನೋಡಿದೆ, ಗಡ್ಡ ನೋಡಿದೆ, ಮಣಿ ಎಣಿಸಿದೆ. ಎಲ್ಲಾ ಸರಿ. ದುಡ್ಡು ಕೊಟ್ಟು ತಂದೆ. ಮನೆಯಲ್ಲಿ ಲ್ಯಾಂಪಿನ ಕೆಳಗೆ ವಾಲಿಸಿದಾಗ ಎದೆ ಧಸಕ್ಕೆಂದಿತು. ಹೊಳಪು ಇತ್ತು, ಆದರೆ ಅಲುಗಾಡಲಿಲ್ಲ. ಅಚ್ಚು ಬಿದ್ದಾಗ ಲೋಹ ನಡುವಿನಿಂದ ಅಂಚಿನ ಕಡೆ ಹರಿಯುತ್ತೆ. ಆಗ ಕಣ್ಣಿಗೆ ಕಾಣದಷ್ಟು ಸಣ್ಣ ಗೆರೆಗಳು ಉಳಿಯುತ್ತವೆ. ಮುಟ್ಟದ ನಾಣ್ಯವನ್ನು ವಾಲಿಸಿದರೆ ಬೆಳಕು ಗಾಡಿ ಚಕ್ರದ ಕಡ್ಡಿಗಳ ಹಾಗೆ ಅದರ ಮೇಲೆ ಸುತ್ತುತ್ತೆ. ಉಜ್ಜಿದರೆ ಆ ಗೆರೆಗಳೇ ಹೋಗುತ್ತವೆ. ಉಳಿಯುವುದು ಕನ್ನಡಿಯಂಥ ಸತ್ತ ಹೊಳಪು. ಲೂಪ್ (ಪುಟ್ಟ ಭೂತಗನ್ನಡಿ) ಹಿಡಿದು ನೋಡಿದೆ. ಚಿತ್ರ, ಅಕ್ಷರ ಇಲ್ಲದ ಬಯಲು ಜಾಗದ ತುಂಬ ಒಂದೇ ದಿಕ್ಕಿಗೆ ಕೂದಲೆಳೆ ಗೀರು. ಅಕ್ಷರಗಳ ಸಂದಿಯಲ್ಲಿ ಬಿಳೀ ಪುಡಿ. ಯಾರ ಮನೆಯ ವಿಭೂತಿಯೋ!

ಫೋಟೊ ತೋರಿಸುವುದು ಸವಕಳಿಯನ್ನು. ಮೈ ಹೇಗಿದೆ ಅನ್ನುವುದನ್ನು ನಿಂತ ಚಿತ್ರ ತೋರಿಸಲ್ಲ. ಅದಕ್ಕೆ ನಾಣ್ಯ ಕೈಯಲ್ಲಿ ಅಲುಗಾಡಬೇಕು. ಆಮೇಲೆ ನಾನು ಮೇಲಿನ ಗ್ರೇಡುಗಳಿಗೆ ಫೋಟೊ ಬಿಟ್ಟು ಹತ್ತು ಸೆಕೆಂಡಿನ ವಿಡಿಯೊ ಮಾಡಿಟ್ಟುಕೊಂಡೆ. ಅಚ್ಚೇ ಸರಿಯಾಗಿ ಒತ್ತದ ನಾಣ್ಯಕ್ಕೂ ಇದೇ ಉಪಾಯ. ಹುಬ್ಬು ಚಪ್ಪಟೆ ಇದ್ದು ಅದರ ಮೇಲೂ ಬೆಳಕು ಓಡಿದರೆ ಅದು ಅಚ್ಚಿನ ಸೋಮಾರಿತನ. ಹುಬ್ಬಿನ ಜಾಗ ಬೂದಿಯಾಗಿ, ಬೆಳಕು ಅಲ್ಲಿ ಮುರಿದರೆ ಸವೆದಿದೆ ಅಂತ.

ಪರೀಕ್ಷೆ ತಗೊಂಡಿದ್ದು ಮಗಳು. ಗ್ರೇಡಿನ ಚೀಟಿ ಮುಚ್ಚಿ, ನಾಣ್ಯಗಳನ್ನು ಕಲಸಿ ಕೊಡುತ್ತಿದ್ದಳು. ನಾನು ಬರೆದುಕೊಳ್ಳುವುದು, ತಿಂಗಳು ಬಿಟ್ಟು ಮತ್ತೆ ಅದನ್ನೇ ಮಾಡುವುದು. ಮೊದಲ ಸಲ ಇಪ್ಪತ್ತನಾಲ್ಕರಲ್ಲಿ ನನ್ನದೇ ಎರಡು ಉತ್ತರ ತಾಳೆಯಾಗಿದ್ದು ಹದಿಮೂರು ಮಾತ್ರ. ‘ಅಪ್ಪಾ, ನೀನು ಬೆಳಗ್ಗೆ ಒಂಥರಾ, ರಾತ್ರಿ ಒಂಥರಾ ಹೇಳ್ತೀಯ’ ಅಂದಳು. ನಿಜವೇ. ರಾತ್ರಿ ಸುಸ್ತಾದಾಗ ಉದಾರವಾಗಿ ಗ್ರೇಡ್ ಕೊಡುತ್ತಿದ್ದೆ. ಆರು ತಿಂಗಳಿಗೆ ತಾಳೆ ಇಪ್ಪತ್ತಕ್ಕೆ ಬಂತು. ಈಗಲೂ ಕೊಳ್ಳುವ ಮಾತಿದ್ದರೆ ಬೆಳಗ್ಗೆಯೇ ನೋಡುತ್ತೇನೆ.

ಅಜ್ಜಿಯ ಹನ್ನೊಂದು ರೂಪಾಯಿ ಹಾಳೆಯ ಕೊನೆ ಸಾಲಿನಲ್ಲಿವೆ. ಮೇಲೆ ‘ಉಜ್ಜಿದ್ದು’ ಅಂತ ಬರೆದಿದ್ದೇನೆ. ಯಾವ ನಾಣ್ಯದ ಬಗ್ಗೆ ಅನುಮಾನ ಬಂದರೂ ಮೊದಲು ಇವುಗಳ ಪಕ್ಕ ಇಟ್ಟು ವಾಲಿಸುತ್ತೇನೆ. ಇಷ್ಟು ಕೆಲಸಕ್ಕೆ ಬರುವ ನಾಣ್ಯ ನನ್ನ ಹತ್ತಿರ ಬೇರೆ ಇಲ್ಲ. ಹಬ್ಬದ ಹಿಂದಿನ ದಿನ ಮಾತ್ರ ಅಮ್ಮ ಬಂದು ಕೇಳಿ ಇಸಕೊಂಡು ಹೋಗುತ್ತಾರೆ. ಅಡುಗೆಮನೆಯಲ್ಲಿ ಹುಣಸೆಹಣ್ಣು ನೆಂದಿರುತ್ತೆ. ನಾನು ಸುಮ್ನೆ ಕೊಟ್ಟುಬಿಡುತ್ತೇನೆ.