ಮಿಸೌರಿಯ ಕಾಡಿನಲ್ಲಿ ಟರ್ಕಿಗೆ ಮರಸು ಕೂತದ್ದು

ತೀರ್ಥಹಳ್ಳಿ ಕಡೆ ನಮ್ಮಜ್ಜನ ಕಾಲದವರು ಬೇಟೆಯನ್ನು ಎರಡು ಬಗೆ ಮಾಡಿ ಹೇಳುತ್ತಿದ್ದರು. ಹಳುವಿಗೆ ನುಗ್ಗಿ, ಕೂಗೆಬ್ಬಿಸಿ, ಪ್ರಾಣಿಯನ್ನು ಬಿಲ್ಲಿಗೆ ನಿಂತವರ, ಎಂದರೆ ಕೋವಿ ಹಿಡಿದು ಕಾದವರ ಕಡೆ ಓಡಿಸುವುದು ಒಂದು. ಅದು ಬರುವ ಜಾಗ ನೋಡಿಕೊಂಡು ಉಸಿರು ಬಿಗಿಹಿಡಿದು ಮರಸು ಕೂರುವುದು ಇನ್ನೊಂದು. ನಾನು ಹುಟ್ಟುವ ಹೊತ್ತಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದು ಇವೆಲ್ಲ ಜಗಲಿಯ ಕತೆಗಳಾಗಿದ್ದವು. ಹಾಗಾದದ್ದೇ ಸರಿ ಎಂದು ಇವತ್ತಿಗೂ ನಂಬಿದ್ದೇನೆ. ಮರಸು ಕೂರುವುದನ್ನು ನಾನು ನಿಜವಾಗಿ ಕಲಿತದ್ದು ಅಮೆರಿಕದ ಮಿಸೌರಿ ರಾಜ್ಯದ ಸೇಂಟ್ ಲೂಯಿಸ್‌ಗೆ ಬಂದು ಹದಿನಾಲ್ಕು ವರ್ಷವಾದ ಮೇಲೆ, ಇಲ್ಲಿನ ಟರ್ಕಿ ಎಂಬ ದೊಡ್ಡ ಕಾಡುಹಕ್ಕಿಗಾಗಿ.

ದಾರಿ ತೋರಿಸಿದವರು ಪಕ್ಕದ ಮನೆಯ ಹಿರಿಯರು. ಎಪ್ಪತ್ತು ದಾಟಿದವರು, ಓಝಾರ್ಕ್ ಬೆಟ್ಟದ ಸೀಮೆಯಲ್ಲಿ ಬೆಳೆದವರು. ಇಲ್ಲಿನ ರೂಢಿಯಂತೆ ಹೆಸರು ಹಿಡಿದೇ ಕರೆದರೂ ಮನಸ್ಸಿನಲ್ಲಿ ಅವರು ನನಗೆ ಅಜ್ಜನೇ. ಅವರು ಚಿಕ್ಕವರಿದ್ದಾಗ ಮಿಸೌರಿಯಲ್ಲಿ ಟರ್ಕಿ ನೋಡಲು ಸಿಗುತ್ತಿರಲಿಲ್ಲವಂತೆ. ಕಾಡು ಕಡಿದು, ವರ್ಷವಿಡೀ ಹೊಡೆದು, 1950ರ ದಶಕದ ಆರಂಭಕ್ಕೆ ಇಡೀ ರಾಜ್ಯದಲ್ಲಿ ಎರಡೂವರೆ ಸಾವಿರಕ್ಕಿಂತ ಕಡಿಮೆ ಹಕ್ಕಿ ಉಳಿದಿದ್ದವು. ಆಮೇಲೆ ರಾಜ್ಯದ ಸಂರಕ್ಷಣಾ ಇಲಾಖೆ ಉಳಿದ ಕಾಡುಹಕ್ಕಿಗಳನ್ನೇ ಬಲೆ ಹಾರಿಸಿ ಹಿಡಿದು, ಹಲವು ಕೌಂಟಿಗಳಿಗೆ (ನಮ್ಮ ಜಿಲ್ಲೆಯಂಥವು) ಒಯ್ದು ಬಿಟ್ಟಿತು. 1960ರಲ್ಲಿ 14 ಕೌಂಟಿಗಳಲ್ಲಿ ಮೊದಲ ಬಾರಿ ವಸಂತದ ಬೇಟೆಗೆ ಅನುಮತಿ ಕೊಟ್ಟಾಗ ಬಿದ್ದದ್ದು 94 ಹಕ್ಕಿ. 2004ರ ವಸಂತದಲ್ಲಿ ಅರವತ್ತು ಸಾವಿರಕ್ಕೂ ಹೆಚ್ಚು. ಈಚಿನ ವರ್ಷಗಳಲ್ಲಿ ಮರಿಗಳು ಉಳಿಯುವುದು ಕಡಿಮೆಯಾಗಿ ಸಂಖ್ಯೆ ಮತ್ತೆ ಇಳಿದಿದೆ, ಅದು ಬೇಸರದ ಮಾತು. ಕೋವಿ, ತೋಟೆ ಕೊಂಡಾಗ ಕೊಡುವ ವಿಶೇಷ ತೆರಿಗೆ 1937ರ ಕಾನೂನಿನ ಪ್ರಕಾರ ವನ್ಯಜೀವಿಗಳ ಕೆಲಸಕ್ಕೇ ಹೋಗುತ್ತದೆ ಎಂದು ತಿಳಿದ ದಿನ ನನ್ನ ಅರೆಮನಸ್ಸು ಹೋಯಿತು.

ಗ್ರೀನ್ ಕಾರ್ಡ್ ಬಂದ ಮೇಲೆ ಬೇಟೆಗಾರರ ಸುರಕ್ಷತಾ ತರಬೇತಿ ಮುಗಿಸಿದೆ, ಪರ್ಮಿಟ್ ತೆಗೆದುಕೊಂಡೆ, 20 ಗೇಜಿನ ಒಂದು ತೋಟಾಕೋವಿ ಕೊಂಡೆ. ಕೊಂಡ ಮೇಲೆ ಮೊದಲು ಮಾಡಿದ ಕೆಲಸ ದೊಡ್ಡ ಕಾಗದ ಕಟ್ಟಿ, ಅದಕ್ಕೆ ಈಡು ಹಾಕಿ, ತೋಟೆಯೊಳಗಿನ ಚರೆ, ಎಂದರೆ ಸಣ್ಣ ಗುಂಡುಗಳು, ಹರಡುವುದನ್ನು ನೋಡಿದ್ದು. ಟರ್ಕಿಗೆ ಮೈಮೇಲೆ ಈಡು ಹಾಕುವಂತಿಲ್ಲ. ಗರಿ ದಪ್ಪ, ಎದೆ ದಪ್ಪ, ಗಾಯಗೊಂಡು ಓಡಿಹೋಗಿ ಎಲ್ಲೋ ಸಾಯುತ್ತದೆ. ತಲೆ ಮತ್ತು ಕತ್ತಿಗೇ ಬೀಳಬೇಕು. ಹತ್ತು ಇಂಚಿನ ವೃತ್ತದೊಳಗೆ ನೂರು ಚರೆಯಾದರೂ ಬೀಳುವಷ್ಟು ದೂರವೇ ನಿನ್ನ ದೂರ, ಅದರಾಚೆ ಕೋವಿ ಎತ್ತಬೇಡ ಎಂದರು ಅಜ್ಜ. ನನ್ನ ಕೋವಿಗೆ ಅದು 35 ಗಜ ಎಂದು ಕಾಗದವೇ ಹೇಳಿತು.

ಇನ್ನೊಂದು ಸಿದ್ಧತೆಗೆ ಯಾರೂ ಪಾಠ ಹೇಳಬೇಕಿರಲಿಲ್ಲ. ಮಂಗನ ಕಾಯಿಲೆಯ ಸೀಮೆಯಲ್ಲಿ ಬೆಳೆದವನಿಗೆ ಉಣುಗಿನ ಭಯ ರಕ್ತದಲ್ಲೇ ಇರುತ್ತದೆ. ಇಲ್ಲಿನ ಲೋನ್ ಸ್ಟಾರ್ ಉಣುಗು ಕಚ್ಚಿದರೆ ಕೆಲವರಿಗೆ ಕುರಿ, ಹಂದಿ, ದನದ ಮಾಂಸವೇ ಒಗ್ಗದಂಥ ಅಲರ್ಜಿ ಬರುತ್ತದೆ. ಪ್ಯಾಂಟು, ಸಾಕ್ಸು, ಬೂಟಿಗೆ ಹಿಂದಿನ ದಿನವೇ ಉಣುಗು ಕೊಲ್ಲುವ ಪರ್ಮೆಥ್ರಿನ್ ಹೊಡೆದು ಒಣಗಿಸುತ್ತೇನೆ. ಮನೆಗೆ ಬಂದ ಕೂಡಲೇ ಬಟ್ಟೆ ಕಳಚಿ, ಮಂಡಿಯ ಹಿಂಭಾಗ, ಸೊಂಟ, ಕಿವಿಯ ಹಿಂದೆ ತಡವಿ ನೋಡದೆ ಸೋಫಾದ ಮೇಲೆ ಕೂರುವುದಿಲ್ಲ.

ಈ ಬೇಟೆಯ ತಿರುಳು ಹಕ್ಕಿಯ ಸಂಸಾರದಲ್ಲಿದೆ. ಹುಂಜ ರಾತ್ರಿ ಮರದ ಮೇಲೆ ಕೂತು, ಬೆಳಕು ಹರಿಯುವಾಗ ಅಲ್ಲಿಂದಲೇ ಗುಳುಗುಳು ಎಂದು ಬೆಟ್ಟ ಕೇಳುವಂತೆ ಕೂಗುತ್ತದೆ. ಆ ಕೂಗಿಗೆ ಹೇಂಟೆಗಳು ಅದರ ಬಳಿಗೆ ಹೋಗಬೇಕು, ಪ್ರಕೃತಿಯ ಕ್ರಮ ಅದು. ಆಮೇಲೆ ಹುಂಜ ಇಳಿದು, ನಮ್ಮ ನವಿಲಿನ ಹಾಗೆ ಬಾಲ ಬಿಚ್ಚಿ, ರೆಕ್ಕೆಯ ತುದಿಯನ್ನು ನೆಲಕ್ಕೆ ಉಜ್ಜುತ್ತ ತಿರುಗುತ್ತದೆ. ಬೇಟೆಗಾರ ಹೇಂಟೆಯ ದನಿ ಹೊರಡಿಸಿ, ಹುಂಜವೇ ತನ್ನ ಕಡೆ ಬರುವಂತೆ ಮಾಡಬೇಕು. ಎಂದರೆ ಅದರ ಹುಟ್ಟುಗುಣಕ್ಕೆ ವಿರುದ್ಧವಾದದ್ದನ್ನು ಕೇಳುತ್ತಿದ್ದೇವೆ. ಅದಕ್ಕೇ ಅದು ಬರುವುದು ಅಷ್ಟು ನಿಧಾನ. ನಡುವೆ ಒಂದು ತೋಡೋ ಬೇಲಿಯೋ ಸಿಕ್ಕಿದರೆ ಅಲ್ಲೇ ನಿಂತು, ಬೇಕಾದರೆ ನೀನೇ ಬಾ ಎಂಬಂತೆ ಕೂಗುತ್ತಲೇ ಇರುತ್ತದೆ.

ಮೊದಲ ವಸಂತ ನನಗೆ ಇದು ಅರ್ಥವಾಗಿರಲಿಲ್ಲ. ಅಜ್ಜನಿಗೆ ಮಂಡಿನೋವು, ನಾನೊಬ್ಬನೇ ಹೋಗಿದ್ದೆ. ಏಳೂವರೆಯ ಸುಮಾರಿಗೆ ದಿಬ್ಬದಾಚೆ ಹೇಂಟೆಯ ದನಿ ಕೇಳಿಸಿತು. ಹೇಂಟೆ ಇದ್ದಲ್ಲಿ ಹುಂಜ ಇರುತ್ತದೆ ಎಂದುಕೊಂಡು ಬಗ್ಗಿ, ಆಮೇಲೆ ತೆವಳಿ, ಇಪ್ಪತ್ತು ನಿಮಿಷ ಅದರತ್ತ ಸರಿದೆ. ದಿಬ್ಬದ ನೆತ್ತಿಯಿಂದ ನೋಡಿದರೆ ಓಕ್ ಮರದ ಬುಡಕ್ಕೆ ಒರಗಿ ಒಬ್ಬ ಮನುಷ್ಯ ಕೂತಿದ್ದ. ಮಡಿಲಲ್ಲಿ ಕೋವಿ, ಕೈಯಲ್ಲಿ ಹೇಂಟೆಯ ದನಿ ಹೊರಡಿಸುವ ಪೆಟ್ಟಿಗೆ. ಅವನು ನನ್ನನ್ನು ನೋಡಿ ಕೈಯಾಡಿಸಲಿಲ್ಲ. ಗಟ್ಟಿ ದನಿಯಲ್ಲಿ "ಇಲ್ಲಿದ್ದೇನೆ" ಎಂದ. ಕೈಯಾಡಿಸಿದರೆ ಹಕ್ಕಿ ಎಂದು ಕಾಣಬಹುದು, ಮಾತನಾಡಿದರೆ ಮನುಷ್ಯ ಎಂದು ಖಾತ್ರಿ. ತರಬೇತಿಯಲ್ಲಿ ಇದನ್ನು ಓದಿ ಉತ್ತರ ಬರೆದು ಪಾಸಾಗಿದ್ದೆ. ಕಾಡಿನಲ್ಲಿ ನೆನಪಾಗಿರಲಿಲ್ಲ. ಕ್ಷಮೆ ಕೇಳಿ ಕಾರಿನ ಹತ್ತಿರ ಬಂದಾಗ ಕೀಲಿ ಹಿಡಿಯಲು ಕೈ ನಿಲ್ಲುತ್ತಿರಲಿಲ್ಲ. ಆ ವರ್ಷ ಮತ್ತೆ ಹೋಗಲಿಲ್ಲ.

ಅಂದಿನಿಂದ ದನಿಯತ್ತ ನಡೆಯುವುದನ್ನು ಬಿಟ್ಟೆ. ನನ್ನ ಭುಜಕ್ಕಿಂತ ಅಗಲದ ಮರ ನೋಡಿ ಅದಕ್ಕೆ ಬೆನ್ನು ಕೊಟ್ಟೇ ಕೂರುತ್ತೇನೆ. ಹುಂಜದ ತಲೆ ಕೆಂಪು, ಬಿಳಿ, ನೀಲಿಗೆ ತಿರುಗುತ್ತದೆ, ಆದ್ದರಿಂದ ಆ ಮೂರು ಬಣ್ಣದ ಕರವಸ್ತ್ರ ಕೂಡ ಜೇಬಿನಲ್ಲಿ ಇರುವುದಿಲ್ಲ. ನಡೆಯುವಾಗ ಕಿತ್ತಳೆ ಬಣ್ಣದ ಟೋಪಿ ಹಾಕುತ್ತೇನೆ, ಕೂತ ಮೇಲೆ ತೆಗೆಯುತ್ತೇನೆ.

ಮುಂದಿನ ಚಳಿಗಾಲವೆಲ್ಲ ದನಿಯ ಅಭ್ಯಾಸ. ಬಾಯಲ್ಲಿ ಇಟ್ಟುಕೊಳ್ಳುವ ರಬ್ಬರಿನದು ನನಗೆ ಒಲಿಯಲಿಲ್ಲ. ಒಲಿದದ್ದು ಸ್ಲೇಟಿನದು. ಒಂದನೇ ತರಗತಿಯಲ್ಲಿ ಬರೆದ ಅದೇ ಕಲ್ಲು, ದುಂಡನೆಯ ಮರದ ಬಟ್ಟಲಿನ ಮೇಲೆ ಕೂರಿಸಿರುತ್ತಾರೆ, ಕಡ್ಡಿಯನ್ನು ಲೇಖನಿಯ ಹಾಗೆ ಹಿಡಿದು ಸಣ್ಣ ಸುತ್ತು ಎಳೆಯಬೇಕು. ಗ್ಯಾರೇಜಿನಲ್ಲಿ ಕೂತು ಎಳೆದೂ ಎಳೆದೂ ಮಗಳು "ಅಪ್ಪಾ, ಈಗ ಕೋಳಿ ಥರ ಕೇಳ್ತಿದೆ" ಎನ್ನುವ ತನಕ ಬಿಡಲಿಲ್ಲ. ಎರಡನೇ ವಸಂತ ಅದನ್ನೇ ಅತಿ ಮಾಡಿದೆ. ಹುಂಜ ಓಗೊಟ್ಟಾಗಲೆಲ್ಲ ನಾನೂ ಓಗೊಟ್ಟೆ. ಅದು ಮರದ ಮೇಲೇ ಕೂತು ನನಗಾಗಿ ಕಾಯಿತು. ಅಷ್ಟು ಆತುರದ ಹೇಂಟೆ ತಾನೇ ಬರುತ್ತಾಳೆ ಎಂದುಕೊಂಡಿರಬೇಕು.

ಮೂರನೇ ವಸಂತ ಪೊಟೋಸಿ ಊರಿನಾಚೆ, ಮಾರ್ಕ್ ಟ್ವೈನ್ ರಾಷ್ಟ್ರೀಯ ಅರಣ್ಯದಲ್ಲಿ. ಹಿಂದಿನ ಭಾನುವಾರವೇ ಹೋಗಿ ನೆಲ ನೋಡಿಕೊಂಡು ಬಂದಿದ್ದೆ: ಓಕ್ ಎಲೆ ಕೆದರಿದ ಜಾಗ, ತುದಿ ಬಾಗಿದ ಉದ್ದನೆಯ ಹಿಕ್ಕೆ, ಅದು ಹುಂಜದ್ದು. ಹೇಂಟೆಯದು ಗುಂಡಗೆ ಸುರುಳಿಯಾಗಿರುತ್ತದೆ. ಬೆಳಗಿನ ಐದಕ್ಕೆ ಬಂದು ಕೂತಾಗ ಡಾಗ್‌ವುಡ್ ಹೂವಷ್ಟೇ ಕತ್ತಲಲ್ಲಿ ಬೆಳ್ಳಗೆ ಕಾಣುತ್ತಿತ್ತು. ಐದೂವರೆಗೆ ಪಟ್ಟೆ ಗೂಬೆಯೊಂದು ಕೂಗಿತು. ಗೂಬೆಯ ಕೂಗಿಗೆ ಹುಂಜ ತಡೆಯಲಾರದೆ ಉತ್ತರಿಸುತ್ತದೆ, ಬೇಟೆಗಾರರು ಗೂಬೆಯ ದನಿ ಕಲಿಯುವುದು ಅದಕ್ಕೇ. ಇಲ್ಲಿ ನಿಜವಾದ ಗೂಬೆಯೇ ನನ್ನ ಕೆಲಸ ಮಾಡಿತು. ಇನ್ನೂರು ಗಜದಾಚೆ, ನಾನಿದ್ದ ಏಣಿನ ಮೇಲೇ ಹುಂಜ ಗುಳುಗುಟ್ಟಿತು.

ಎರಡೇ ಬಾರಿ, ನಿದ್ದೆಗಣ್ಣಿನ ಹೇಂಟೆಯಂತೆ ಮೆಲ್ಲಗೆ ಕಡ್ಡಿ ಎಳೆದೆ. ಇಳಿದ ಹುಂಜ ಬೇರೆ ಹೇಂಟೆಗಳ ಜೊತೆ ಕೆಳಗಿನ ಕಣಿವೆಗೆ ಹೋಯಿತು. ಏಳು ಆಯಿತು, ಎಂಟು ಆಯಿತು. ಮೊದಲಾಗಿದ್ದರೆ ಎದ್ದುಬಿಡುತ್ತಿದ್ದೆ. ಆದರೆ ಮೊಟ್ಟೆಯಿಡುವ ಹೇಂಟೆಗಳು ಒಂಬತ್ತರ ಆಚೀಚೆ ಗೂಡಿಗೆ ಹೋಗುತ್ತವೆ, ಆಗ ಹುಂಜ ಒಂಟಿ, ಬೆಳಿಗ್ಗೆ ಕೇಳಿದ ದನಿಯ ಜಾಗವನ್ನು ಅದು ಮರೆತಿರುವುದಿಲ್ಲ ಎಂದು ಅಜ್ಜ ಹೇಳಿದ್ದರು. ಸಾರ್ವಜನಿಕ ಕಾಡಿನಲ್ಲಿ ಮಧ್ಯಾಹ್ನ ಒಂದರ ತನಕ ಸಮಯವಿದೆ. ಕಾಲು ಜೋಮು ಹಿಡಿದಿತ್ತು. ಕೂತೆ.

ಒಂಬತ್ತೂ ನಲವತ್ತಕ್ಕೆ ಕಿವಿಗಿಂತ ಎದೆಗೇ ಮೊದಲು ತಿಳಿಯಿತು. ಗುಮ್ಮ್ ಎನ್ನುವ ಮಂದ್ರದ ಮಿಡಿತ. ಹುಂಜ ಹತ್ತಿರವಿದ್ದಾಗ ಮಾತ್ರ ಕೇಳುವ ಸದ್ದು ಅದು. ಕೂಗೇ ಇಲ್ಲದೆ ಬಂದಿತ್ತು. ಕೋವಿ ಆಗಲೇ ಮಂಡಿಯ ಮೇಲಿತ್ತು, ಅದು ದೊಡ್ಡ ಮರವೊಂದರ ಹಿಂದೆ ಮರೆಯಾದಾಗ ಎರಡಂಗುಲ ಸರಿಸಿದೆ. ಮೂವತ್ತು ಹೆಜ್ಜೆಗೆ ಗುರುತಿಟ್ಟಿದ್ದ ಬಿದ್ದ ಮರವನ್ನು ದಾಟಿತು. ಬಾಲ ಬಿಚ್ಚಿದಾಗ ಕತ್ತು ಮೈಯೊಳಗೆ ಸೇರಿರುತ್ತದೆ, ಆಗ ಹೊಡೆಯಬಾರದು. ಕಡ್ಡಿಯಿಂದ ಒಂದೇ ಒಂದು ಸಲ 'ಟಕ್' ಎನಿಸಿದೆ. ಬಾಲ ಮಡಚಿ ಕತ್ತು ನೀಳವಾಗಿ ಎತ್ತಿತು. ಟ್ರಿಗರ್ ಒತ್ತಿದೆ. ಬಿದ್ದಲ್ಲೇ ರೆಕ್ಕೆ ಬಡಿದು ನಿಂತಿತು.

ಹತ್ತಿರ ಹೋಗಿ ಮಂಡಿಯೂರಿ ಕೂತೆ. ಕಪ್ಪು ಎಂದುಕೊಂಡಿದ್ದ ಗರಿಗಳು ಬಿಸಿಲಿಗೆ ತಾಮ್ರ, ಹಸಿರು, ಚಿನ್ನ. ನಮ್ಮ ಕಡೆಯವರು ಬೇಟೆಗೆ ಕೈಮುಗಿಯುತ್ತಿದ್ದರು ಎಂದು ಅಮ್ಮ ಹೇಳಿದ್ದು ನೆನಪಾಗಿ ಕೈಮುಗಿದೆ. ಕಾಲಿನ ಮುಳ್ಳು ಒಂದಂಗುಲ, ಒಂಬತ್ತು ಕಿಲೋ ತೂಕ. ಪರ್ಮಿಟ್ಟಿನಲ್ಲಿ ದಿನಾಂಕ ಕತ್ತರಿಸಿ, ಹಕ್ಕಿಯನ್ನು ಕಿತ್ತಳೆ ಬಟ್ಟೆಯಲ್ಲಿ ಸುತ್ತಿ ಹೆಗಲಿಗೇರಿಸಿದೆ. ಬಿಚ್ಚಿಟ್ಟುಕೊಂಡು ಹೊತ್ತರೆ ದೂರದಿಂದ ನೋಡಿದವನಿಗೆ ನಡೆಯುತ್ತಿರುವ ಟರ್ಕಿಯೇ ಕಾಣುತ್ತದೆ. ಅದೇ ರಾತ್ರಿ ಹತ್ತರೊಳಗೆ ಇಲಾಖೆಗೆ ಫೋನಿನಲ್ಲಿ ತಿಳಿಸಬೇಕು. ಮನೆ ತಲುಪಿದವನೇ ತಿಳಿಸಿದೆ.

ಎದೆಯ ಅರ್ಧ ಅಜ್ಜನಿಗೆ. ಕಾಲಿನ ಮಾಂಸದಲ್ಲಿ ಕಡ್ಡಿಯಂಥ ನರಗಳಿರುತ್ತವೆ, ಕುಕ್ಕರಿನಲ್ಲಿ ಮುಕ್ಕಾಲು ಗಂಟೆ ಬೇಯಿಸಿ ನರ ಎಳೆದು ತೆಗೆದೆ. ಹೆಂಡತಿ ಕಾಳುಮೆಣಸು, ಹುರಿದ ಕೊತ್ತಂಬರಿ ಅರೆದು ಸಾರು ಮಾಡಿದಳು, ಜೊತೆಗೆ ಕಡುಬು. ಅಜ್ಜ ಕಡುಬನ್ನು ಚಮಚದಲ್ಲಿ ಮುರಿಯಲು ನೋಡಿ, ಆಮೇಲೆ ಮಗಳನ್ನು ನೋಡಿ ಕೈಯಲ್ಲೇ ತಿಂದರು. ಹೊರಡುವಾಗ ರೆಕ್ಕೆಯ ಮೂಳೆಗಳನ್ನು ಎಸೆಯಬೇಡ ಎಂದರು. ಮೂರು ಮೂಳೆಗಳನ್ನು ಶುಚಿ ಮಾಡಿ ಒಂದರೊಳಗೊಂದು ಕೂರಿಸಿದರೆ, ಉಸಿರು ಒಳಗೆಳೆದು ಹೇಂಟೆಯ ದನಿ ಹೊರಡಿಸುವ ಕೊಳವೆಯಾಗುತ್ತದೆ, ಈ ನೆಲದ ಮೂಲನಿವಾಸಿಗಳ ಕಾಲದಿಂದ ಬಂದದ್ದು. ಮೂಳೆಗಳನ್ನು ಬೇಯಿಸಿ, ಮಜ್ಜೆ ತೆಗೆದು, ಅಡುಗೆಮನೆಯ ಕಿಟಕಿಯಲ್ಲಿ ಒಣಗಲು ಇಟ್ಟಿದ್ದೇನೆ. ಜೋಡಿಸುವ ಕೆಲಸಕ್ಕೆ ಶನಿವಾರ ಅಜ್ಜ ಬರುತ್ತಾರೆ.